ತಾಮ್ರನಾಡಿನ ಆಟಗಾರರು

ಹನ್ನೊಂದು ಮಂದಿ ಒಂದೇ ಬಣ್ಣದ ಅಂಗಿ ತೊಟ್ಟು ಬಯಲಿಗಿಳಿದರೆ ಅದಕ್ಕೆ ತಂಡವೆಂದು ಹೆಸರು. ಅವರಲ್ಲೊಬ್ಬನಿಗೆ ವಯಸ್ಸಾಗಿ ಕಾಲು ಸೋತರೆ ಅವನ ಸ್ಥಳಕ್ಕೆ ಮತ್ತೊಬ್ಬನು ಬರುತ್ತಾನೆ. ಹತ್ತು ಹದಿನೈದು ವರ್ಷಗಳೊಳಗೆ ಮೊದಲಿನವರಲ್ಲಿ ಒಬ್ಬನೂ ಉಳಿದಿರುವುದಿಲ್ಲ. ಆದರೂ ಹೆಸರು ಹಾಗೆಯೇ ನಡೆದುಬರುತ್ತದೆ. ಹಳೆಯ ನೀರು ಹೋಗಿ ಹೊಸ ನೀರು ಬಂದರೂ ಹೊಳೆಯ ಹೆಸರು ಮಾಸದಷ್ಟೇ ಸಹಜವಾದ ಸಂಗತಿಯಿದು. ಆದರೆ ಹೊಳೆಯೇ ಒಂದು ರಾತ್ರಿಯಲ್ಲಿ ಬತ್ತಿಹೋದರೆ? ಆಗಲೂ ಆ ಹೆಸರಿಗೆ ಅರ್ಥವುಂಟೆ? ಆಫ್ರಿಕ ಖಂಡದ ದಕ್ಷಿಣಭಾಗದ ಜಾಂಬಿಯಾ ದೇಶದವರು ಈ ಪ್ರಶ್ನೆಯನ್ನು ತರ್ಕದ ವಿನೋದಕ್ಕಾಗಿ ಕೇಳಿಕೊಂಡವರಲ್ಲ. 1993ನೆಯ ಇಸವಿಯಲ್ಲಿ ಅದು ತಾನಾಗಿಯೇ ಬಂದು ಅವರ ಬಾಗಿಲಲ್ಲಿ ನಿಂತಿತು.

ಜಾಂಬಿಯಾ ಕಡಲಿಲ್ಲದ ನಾಡು. ಅದರ ಐಶ್ವರ್ಯವೆಲ್ಲ ಭೂಮಿಯ ಹೊಟ್ಟೆಯಲ್ಲಿದೆ, ತಾಮ್ರದ ರೂಪದಲ್ಲಿ. ಬ್ರಿಟಿಷರು ಉತ್ತರ ರೊಡೇಶಿಯ ಎಂಬ ಹೆಸರಿನಿಂದ ಆಳುತ್ತಿದ್ದ ದಿನಗಳಲ್ಲಿ ಗಣಿಗಳ ಸುತ್ತ ಕಿಟ್ವೆ, ಮುಫುಲಿರಾ ಮೊದಲಾದ ಊರುಗಳು ಬೆಳೆದುವು. ಗಣಿಯೊಡನೆ ಕಾಲ್ಚೆಂಡಾಟವೂ ಬೆಳೆಯಿತು. ಹಗಲೆಲ್ಲ ನೆಲದಡಿಯಲ್ಲಿ ದುಡಿದವರಿಗೆ ಬೆಳಕಿನಲ್ಲಿ ಓಡುವುದೇ ಒಂದು ಸುಖವಾಗಿದ್ದಿರಬೇಕು. 1964ನೆಯ ಅಕ್ಟೋಬರ್ 24ರಂದು ದೇಶವು ಸ್ವತಂತ್ರವಾಯಿತು. ಮೊದಲ ಅಧ್ಯಕ್ಷರಾದ ಕೆನೆತ್ ಕೌಂಡರಿಗೆ ಈ ಆಟದಲ್ಲಿ ಎಷ್ಟು ಮೋಹವಿತ್ತೆಂದರೆ ರಾಷ್ಟ್ರದ ತಂಡವನ್ನು ಜನರು ಅವರ ಹೆಸರಿನಿಂದಲೇ ಕರೆಯುತ್ತಿದ್ದರು. ಮುಂದೆ ಅದಕ್ಕೆ ‘ಚಿಪೊಲೊಪೊಲೊ’ ಎಂಬ ಹೆಸರು ನಿಂತಿತು. ತಾಮ್ರದ ಗುಂಡುಗಳೆಂದು ಅದರ ಭಾವ.

1974ರಲ್ಲಿ ಈ ತಂಡ ಆಫ್ರಿಕದ ರಾಷ್ಟ್ರಗಳ ಪಂದ್ಯಾವಳಿಯ ಕೊನೆಯ ಹಂತವನ್ನು ಮುಟ್ಟಿ, ಝೈರ್ ದೇಶದೊಡನೆ ಒಮ್ಮೆ ಸಮವಾಗಿ ಆಡಿ, ಮರುಪಂದ್ಯದಲ್ಲಿ ಸೋತಿತು. ಲೋಕದ ಕಣ್ಣು ಅದರ ಮೇಲೆ ಬಿದ್ದುದು 1988ರಲ್ಲಿ. ಸಿಯೋಲ್ ಒಲಿಂಪಿಕ್ಸಿನಲ್ಲಿ ಜಾಂಬಿಯಾದ ಹುಡುಗರು ಇಟಲಿಯನ್ನು ನಾಲ್ಕು ಗೋಲುಗಳಿಂದ ಸೋಲಿಸಿದರು. ಇಟಲಿಗೆ ಒಂದು ಗೋಲೂ ದಕ್ಕಲಿಲ್ಲ. ಆ ನಾಲ್ಕರಲ್ಲಿ ಮೂರು ಗೋಲುಗಳು ಮುಫುಲಿರಾದ ಕಲುಶಾ ಬ್ವಾಲ್ಯನವು. ವಿಶ್ವಕಪ್ಪಿನ ಬಯಲನ್ನು ಒಮ್ಮೆಯೂ ತುಳಿಯದ ದೇಶಕ್ಕೆ ಅಂದಿನಿಂದ ಅದೊಂದೇ ಹಂಬಲ. 1993ರ ವಸಂತದಲ್ಲಿ ಆ ಹಂಬಲ ಕೈಗೆಟಕುವಷ್ಟು ಹತ್ತಿರಕ್ಕೆ ಬಂದಿತ್ತು.

ಏಪ್ರಿಲ್ 25ರಂದು ಮಾರಿಷಸ್ ದ್ವೀಪದಲ್ಲಿ ಒಂದು ಪಂದ್ಯವನ್ನು ಗೆದ್ದು ಬಂದ ತಂಡ, ಸೆನೆಗಾಲಿನ ಮೇಲೆ ಆಡುವುದಕ್ಕಾಗಿ ಒಡನೆಯೇ ಡಾಕಾರಿಗೆ ಹೊರಟಿತು. ಆಫ್ರಿಕದ ಒಂದು ಬದಿಯಿಂದ ಮತ್ತೊಂದು ಬದಿಗೆ ಪ್ರಯಾಣ. ಬಡ ದೇಶದ ಆಟಗಾರರಿಗೆ ದೊರೆತ ವಾಹನ ವಾಯುಸೇನೆಯ ಒಂದು ಸಣ್ಣ ವಿಮಾನ. ಎಣ್ಣೆ ತುಂಬಿಸಿಕೊಳ್ಳಲು ಅದು ಅಲ್ಲಲ್ಲಿ ಇಳಿಯಬೇಕಾಗಿತ್ತು. ಏಪ್ರಿಲ್ 27ರ ರಾತ್ರಿ ಗ್ಯಾಬನ್ ದೇಶದ ಲಿಬ್ರವಿಲ್ ಪಟ್ಟಣದಲ್ಲಿ ಇಳಿದು ಮತ್ತೆ ಮೇಲೆದ್ದ ವಿಮಾನವು ಕೆಲವು ನಿಮಿಷಗಳಲ್ಲಿಯೇ ಸಮುದ್ರಕ್ಕೆ ಬಿದ್ದಿತು. ಒಳಗಿದ್ದ 30 ಮಂದಿಯಲ್ಲಿ ಒಬ್ಬನೂ ಬದುಕಲಿಲ್ಲ. ಅವರಲ್ಲಿ 18 ಮಂದಿ ಆಟಗಾರರು; ಜೊತೆಗೆ ಗಾಡ್‌ಫ್ರೇ ಚಿಟಾಲು, ತನ್ನ ಕಾಲದಲ್ಲಿ ಗೋಲುಗಳ ಮಳೆಗರೆದು ಈಗ ಕಿರಿಯರಿಗೆ ಗುರುವಾಗಿದ್ದವನು. ಕಡಲಿಲ್ಲದ ನಾಡಿನ ಮಕ್ಕಳನ್ನು ಕಡಲು ಕೊಂಡಿತು.

ಎಡಗಡೆಯ ಯಂತ್ರಕ್ಕೆ ಬೆಂಕಿ ತಗುಲಿದಾಗ, ಚಾಲಕನು ಸರಿಯಾಗಿಯೇ ನಡೆಯುತ್ತಿದ್ದ ಬಲಗಡೆಯ ಯಂತ್ರವನ್ನು ನಿಲ್ಲಿಸಿಬಿಟ್ಟನೆಂದೂ, ಮುನ್ನಾದಿನವಷ್ಟೆ ಮಾರಿಷಸಿನಿಂದ ವಿಮಾನ ನಡೆಸಿ ಬಂದಿದ್ದ ಅವನು ಬಹಳ ದಣಿದಿದ್ದನೆಂದೂ ಗ್ಯಾಬನ್ನಿನ ವರದಿ ಹೇಳಿತು. ಆ ಮಾತು ಹೊರಬಿದ್ದುದು 2003ರಲ್ಲಿ. ತಂದೆಯನ್ನು ಕಳೆದುಕೊಂಡಾಗ ತೊಟ್ಟಿಲಲ್ಲಿದ್ದ ಕೂಸು ಆ ವೇಳೆಗೆ ತಾನೇ ಚೆಂಡನ್ನೊದೆಯುವಷ್ಟು ಬೆಳೆದಿರುತ್ತದೆ. ಪರಿಹಾರಕ್ಕಾಗಿ ಸತ್ತವರ ಮನೆಯವರು ನ್ಯಾಯಸ್ಥಾನದ ಮೆಟ್ಟಲನ್ನೂ ಹತ್ತಬೇಕಾಯಿತು. ವೀರರೆಂದು ಕೊಂಡಾಡುವುದು ಸುಲಭ; ವೀರರ ಮನೆಯ ಒಲೆ ಉರಿಯುತ್ತಿದೆಯೇ ಎಂದು ನೋಡುವವರು ವಿರಳ.

ಲುಸಾಕಾ ನಗರದ ಕ್ರೀಡಾಂಗಣದ ಮಗ್ಗುಲಲ್ಲಿಯೇ ಅವರನ್ನು ಮಣ್ಣುಮಾಡಿದರು. ಬ್ವಾಲ್ಯನು ಉಳಿದಿದ್ದನು. ಅವನು ಹಾಲೆಂಡಿನಲ್ಲಿ ಆಡುತ್ತಿದ್ದವನು. ಅಲ್ಲಿಂದ ನೇರವಾಗಿ ಡಾಕಾರಿಗೆ ಹೋಗಿ ಸೇರಿಕೊಳ್ಳುವುದೆಂದು ಗೊತ್ತಾಗಿತ್ತು. ಉಳಿದವನ ಪಾಡು ಹೋದವರ ಪಾಡಿಗಿಂತ ಹಗುರವೆಂದು ಹೇಳಲಾಗದು. ಮನೆಯ ಹಿರಿಯರೆಲ್ಲ ಒಮ್ಮೆಗೇ ತೀರಿಕೊಂಡಾಗ ಯಜಮಾನಿಕೆಯ ಭಾರ ಹೊರುವ ಹುಡುಗನಂತೆ ಅವನು ಹೊಸಬರ ಮುಂದಾಳಾದನು. ಅಪಘಾತವಾಗಿ ಹತ್ತು ವಾರ ತುಂಬುವ ಮೊದಲೇ, ಜುಲೈ 4ರಂದು, ಆ ಸಮಾಧಿಗಳ ಪಕ್ಕದ ಬಯಲಿನಲ್ಲಿ ಮೊರಾಕೊ ತಂಡದೊಡನೆ ಪಂದ್ಯ ನಡೆಯಿತು. ಮೊದಲು ಗೋಲು ಹೊಡೆದವರು ಬಂದವರೇ. ಬ್ವಾಲ್ಯನ ಒದೆತದಿಂದ ಆಟ ಸಮವಾಯಿತು. ಕೊನೆಗೆ ಜಾಂಬಿಯಾ ಎರಡಕ್ಕೆ ಒಂದರಂತೆ ಗೆದ್ದಿತು. ಆಗಸ್ಟಿನಲ್ಲಿ ಅವರು ಡಾಕಾರಿಗೂ ಹೋದರು. ಸತ್ತವರು ಮುಟ್ಟದಿದ್ದ ಊರನ್ನು ಮುಟ್ಟಿ, ಅವರು ಆಡದೆ ಉಳಿದ ಪಂದ್ಯವನ್ನು ಆಡಿ, ಸಮವಾಗಿ ಮುಗಿಸಿ ಬಂದರು. ಅಕ್ಟೋಬರಿನಲ್ಲಿ ಮೊರಾಕೊದಲ್ಲಿ ಸಮ ಮಾಡಿಕೊಂಡಿದ್ದರೂ ವಿಶ್ವಕಪ್ಪಿನ ಬಾಗಿಲು ತೆರೆಯುತ್ತಿತ್ತು. ಒಂದೇ ಗೋಲಿನಿಂದ ಸೋತರು. ಮರುವರ್ಷ ಆಫ್ರಿಕದ ಅಂತಿಮ ಪಂದ್ಯದಲ್ಲಿ ನೈಜೀರಿಯಕ್ಕೂ ಒಂದೇ ಗೋಲಿನ ಅಂತರದಲ್ಲಿ ಮಣಿದರು. ಶೋಕವು ಬಲ ಕೊಡುತ್ತದೆಂದು ಕಥೆಗಾರರು ಹೇಳುವುದುಂಟು. ಅದು ಗೆಲವನ್ನೂ ಕೊಡುತ್ತದೆಂದು ವಿಧಿ ಎಲ್ಲಿಯೂ ಬರೆದುಕೊಟ್ಟಿಲ್ಲ.

ಹದಿನೆಂಟು ವರ್ಷಗಳು ಕಳೆದುವು. 2012ರ ಆಫ್ರಿಕದ ಪಂದ್ಯಾವಳಿಯನ್ನು ಗ್ಯಾಬನ್ನೂ ಅದರ ನೆರೆಯ ದೇಶವಾದ ಈಕ್ವಟೋರಿಯಲ್ ಗಿನಿಯೂ ಕೂಡಿ ನಡೆಸಿದುವು. ಜಾಂಬಿಯಾದ ಪಂದ್ಯಗಳೆಲ್ಲ ಬಿದ್ದುದು ಗಿನಿಯಲ್ಲಿ. ಅಂತಿಮ ಪಂದ್ಯವನ್ನು ಮುಟ್ಟಿದರೆ ಮಾತ್ರ ಲಿಬ್ರವಿಲ್ಲಿಗೆ ಹೋಗುವ ಅವಕಾಶ. ಬ್ವಾಲ್ಯನು ಆಗ ದೇಶದ ಕಾಲ್ಚೆಂಡು ಸಂಘದ ಅಧ್ಯಕ್ಷ. ಸೆನೆಗಾಲ್, ಸುಡಾನ್, ಘಾನಾ ತಂಡಗಳನ್ನು ಗೆದ್ದು ಹುಡುಗರು ಲಿಬ್ರವಿಲ್ಲಿಗೆ ಬಂದರು. ಬಂದವರು ಕಡಲಂಚಿಗೆ ಹೋಗಿ ನೀರಿಗೆ ಹೂವನ್ನರ್ಪಿಸಿದರು. ಅವರಲ್ಲಿ ಹಲವರು 1993ರಲ್ಲಿ ಎಳೆಯ ಮಕ್ಕಳು.

ಫೆಬ್ರವರಿ 12ರ ಪಂದ್ಯದಲ್ಲಿ ಎದುರಾಳಿ ಐವರಿ ಕೋಸ್ಟ್. ಡ್ರೋಗ್ಬಾನಂಥ ಪ್ರಖ್ಯಾತರ ತಂಡ. ಆತನೊದೆದ ಪೆನಾಲ್ಟಿ ಗುರಿ ತಪ್ಪಿತು. ಎರಡೂ ಕಡೆ ಗೋಲಿಲ್ಲದೆ ಕಾಲ ಮುಗಿಯಿತು. ಪೆನಾಲ್ಟಿಗಳ ಸರದಿ ಬಂದಾಗ ಜಾಂಬಿಯಾದವರು ಒಬ್ಬರನ್ನೊಬ್ಬರು ಹಿಡಿದು ಹಾಡುತ್ತಿದ್ದರು. ಏಳೇಳು ಗೋಲುಗಳಾದುವು. ಆಮೇಲೆ ಐವರಿ ಕೋಸ್ಟಿನವನೊಬ್ಬನು ತಪ್ಪಿದನು, ಜಾಂಬಿಯಾದವನೂ ತಪ್ಪಿದನು, ಮತ್ತೆ ಅವರವನು ತಪ್ಪಿದನು. ಸ್ಟೊಪಿಲಾ ಸುನ್ಜು ಒದೆದ ಚೆಂಡು ಬಲೆಗೆ ಬಿದ್ದಿತು. ಆಟದ ಆರಂಭದಲ್ಲಿಯೇ ಪೆಟ್ಟಾಗಿ ಕಣ್ಣೀರಿಡುತ್ತ ಹೊರಗೆ ಬಂದಿದ್ದ ಜೋಸೆಫ್ ಮುಸೊಂಡನು ಓಡಲಾರದೆ ಕುಳಿತಿದ್ದನು. ತರಬೇತುದಾರನಾದ ಹರ್ವೆ ರೆನಾರ್ಡನು ಅವನನ್ನು ಎರಡು ಕೈಗಳಲ್ಲಿ ಎತ್ತಿಕೊಂಡು ಹೋಗಿ, ಕುಣಿಯುತ್ತಿದ್ದ ಗೆಳೆಯರ ನಡುವೆ ಇಳಿಸಿದನು.

ಅಂದಿನ ಗೆಲವಿನಿಂದ ಸತ್ತವರ ಋಣ ತೀರಿತೆಂದು ಅನೇಕರು ಬರೆದರು. ಋಣ ಹಾಗೆ ತೀರುವುದಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಕಪ್ಪು ಮಗನಾಗಿ ಬರುವುದಿಲ್ಲ. ಹೊಸ ಆಟಗಾರನು ಹಳೆಯವನ ಸ್ಥಳವನ್ನು ತುಂಬಬಲ್ಲನೇ ಹೊರತು ಹಳೆಯವನನ್ನಲ್ಲ. ಆದರೆ ಮೊದಲು ಎದ್ದ ಪ್ರಶ್ನೆಗೆ ಉತ್ತರದ ಒಂದು ಎಳೆ ಅಲ್ಲಿ ದೊರೆಯಿತು. ತಂಡವೆಂಬುದು ಹನ್ನೊಂದು ದೇಹಗಳಲ್ಲಿ ಇರುವುದಾಗಿದ್ದರೆ ಅದು 1993ರಲ್ಲಿಯೇ ನೀರುಪಾಲಾಗುತ್ತಿತ್ತು. ನಡೆಯಲಾರದವನನ್ನು ನಡೆಯಬಲ್ಲವನು ಎತ್ತಿಕೊಳ್ಳುವ ವರೆಗೆ ಅದು ಇರುತ್ತದೆ.