ಸಾಬೂನು ನೀರು ಹೇಳಿದ ಸತ್ಯ



ಮೊದಲೇ ಹೇಳಿಬಿಡುತ್ತೇನೆ, ನನಗೆ ಕಾರು ಓಡಿಸಲು ಬರುವುದಿಲ್ಲ. ಹುಡುಗಿಯರ ಮದ್ರಸದಲ್ಲಿ ಆಲಿಮಾ ಮುಗಿಸಿ, ಮದುವೆಯಾದ ಮೇಲೆ ಅಂಚೆ ಮೂಲಕ ಬಿ.ಎ. ಮಾಡಿದವಳು ನಾನು. ಇಪ್ಪತ್ತು ವರ್ಷಗಳಿಂದ ಬೆಳಿಗ್ಗೆ ಮಕ್ಕಳಿಗೆ ಅರಬಿ ವ್ಯಾಕರಣ, ಆಮೇಲೆ ಶಾಲೆಯಲ್ಲಿ ಕನ್ನಡ ಕಲಿಸುತ್ತಾ ಬಂದಿದ್ದೇನೆ. ಹೀಗಿರುವಾಗ 2023ರ ಬೇಸಿಗೆ ರಜೆಯಲ್ಲಿ ಶಾರ್ಜಾದ ಕೈಗಾರಿಕಾ ಪ್ರದೇಶದ ಒಂದು ಗ್ಯಾರೇಜಿನಲ್ಲಿ, ರೇಸಿನ ಕಾರಿನ ಬಾನೆಟ್ ಕೆಳಗೆ ಟಾರ್ಚ್ ಹಿಡಿದು ನಿಂತಿದ್ದೆ ಎಂದರೆ ನೀವು ನಗಬಹುದು. ನಾನು ಅಲ್ಲಿ ನಿಲ್ಲಲು ಕಾರಣ ಕಾರಲ್ಲ, ಎರಡು ಚಿನ್ನದ ಬಳೆಗಳು.

ನನ್ನ ತಮ್ಮ ಶಾರ್ಜಾದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಚಿಕ್ಕಂದಿನಲ್ಲಿ ಅಬ್ಬಾರ ರೇಡಿಯೋ ಬಿಚ್ಚಿ ಬೈಸಿಕೊಂಡವನು. ಊರಿಗೆ ಮರಳುತ್ತಿದ್ದ ಯಾರೋ ಒಬ್ಬರಿಂದ ತೊಂಬತ್ತರ ದಶಕದ ಕೆಂಪು ಮಜ್ದಾ ಎಂಎಕ್ಸ್-5 ಕಾರನ್ನು ಅಗ್ಗಕ್ಕೆ ಕೊಂಡಿದ್ದ. ಜಪಾನಿನ ಕಂಪೆನಿ 1989ರಲ್ಲಿ ಹೊರತಂದ ಮಾದರಿ ಅದು. 1.6 ಲೀಟರಿನ ಎಂಜಿನ್, ಸುಮಾರು 115 ಅಶ್ವಶಕ್ತಿ, ಆಸನಗಳು ಎರಡೇ. ಗಂಡ, ಹೆಂಡತಿ, ಮಗಳು ಇರುವ ಮನೆಗೆ ಎರಡು ಆಸನದ ಕಾರು! ಅದರ ಮೇಲೆ ಬೇರೆಯವರು ಬಳಸಿ ಬಿಟ್ಟ ಟರ್ಬೋ ಕಿಟ್ ಒಂದನ್ನು ತಂದು, ಪರಿಚಯದ ಮಲಯಾಳಿ ಮೆಕ್ಯಾನಿಕ್‌ನ ಗ್ಯಾರೇಜಿನ ಮೂಲೆಯಲ್ಲಿ, ರಜೆಯ ದಿನಗಳಲ್ಲಿ ತಾನೇ ಕೈಯಾರೆ ಜೋಡಿಸಿದ್ದ. ಅನುಮತಿಯಿಲ್ಲದೆ ಎಂಜಿನ್ ಬದಲಾಯಿಸಿ ರಸ್ತೆಗೆ ಇಳಿಸುವುದು ಅಲ್ಲಿ ಅಪರಾಧ. ಆದ್ದರಿಂದ ಕಾರನ್ನು ರಿಕವರಿ ಲಾರಿಯಲ್ಲಿ ಹೇರಿಕೊಂಡು ಹೋಗಿ ದುಬೈ ಆಟೋಡ್ರೋಮ್‌ನ ಟ್ರ್ಯಾಕಿನಲ್ಲಷ್ಟೇ ಓಡಿಸುವ ಆಸೆ ಅವನದು.

ಜೋಡಿಸಿದ ಮೇಲೆ ಕಾರು ಕೆಟ್ಟಿತು. ಅದೇ ವಾರ ನಾದಿನಿ ಫೋನ್ ಮಾಡಿದಳು. "ಆಪಾ, ಟರ್ಬೋ ಸತ್ತುಹೋಗಿದೆಯಂತೆ. ಹೊಸದು ತರಲು ನನ್ನ ಬಳೆ ಕೇಳುತ್ತಿದ್ದಾರೆ." ಅವಳ ತಾಯಿ ಬೀಡಿ ಕಟ್ಟಿ ಕೂಡಿಟ್ಟ ದುಡ್ಡಿನಲ್ಲಿ ಮಾಡಿಸಿಕೊಟ್ಟ ಬಳೆಗಳವು. ರಜೆಗೆ ಹೇಗೂ ಹೋಗುವವಳಿದ್ದೆ. ತಮ್ಮನಿಗೆ ನಾಲ್ಕು ಮಾತು ಬಿಗಿಯಾಗಿ ಹೇಳಬೇಕೆಂದುಕೊಂಡೇ ವಿಮಾನ ಹತ್ತಿದೆ.

ಬೈದೆನೇನೋ ಹೌದು. ಆದರೆ ಬೈದ ಮೇಲೆ ಒಂದು ಪ್ರಶ್ನೆ ಕೇಳಿದೆ. "ಟರ್ಬೋ ಸತ್ತಿದೆ ಅಂತ ನಿನಗೆ ಹೇಗೆ ಗೊತ್ತು?" ಅವನ ಬಳಿ ಉತ್ತರವಿರಲಿಲ್ಲ. ಕಿಟ್ಟಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಅದು, ಆದ್ದರಿಂದ ತಪ್ಪು ಅದರದ್ದೇ ಇರಬೇಕು ಎಂದು ತೀರ್ಮಾನಿಸಿದ್ದ.

ಟರ್ಬೋ ಎಂದರೇನು? ನಾನೂ ಅಲ್ಲೇ ಕೇಳಿ ತಿಳಿದದ್ದು. ಎಂಜಿನ್ ಉಸಿರಾಡುತ್ತದೆ. ಎಷ್ಟು ಗಾಳಿ ಎಳೆದುಕೊಂಡಿತೋ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಸುಡಬಲ್ಲದು. ಸೈಲೆನ್ಸರಿನ ಕಡೆಗೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಕಂಬಿಯ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುವ ಉಪಾಯವೇ ಟರ್ಬೋ. ಸ್ವಿಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಲು ಮುಂದುಗಡೆ ರೇಡಿಯೇಟರಿನಂಥ ಇಂಟರ್‌ಕೂಲರ್ ಇರುತ್ತದೆ. ಒತ್ತಡ ಮಿತಿಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲೂ ಇದೆ. ನಮ್ಮ ಕುಕ್ಕರಿನ ವೇಟ್ ಇದ್ದ ಹಾಗೆ ಎನ್ನಿ. ಕುಕ್ಕರಿನಲ್ಲಿ ಸುಮಾರು 15 ಪಿಎಸ್‌ಐ ಒತ್ತಡ ಬಂದಾಗ ಸೀಟಿ ಹೊಡೆಯುತ್ತದೆ. ತಮ್ಮನ ಕಿಟ್ಟಿಗೆ 6 ಪಿಎಸ್‌ಐ ಸಾಕಿತ್ತು.

ಕುಕ್ಕರ್ ಎಂದಾಗಲೇ ನನಗೆ ಧೈರ್ಯ ಬಂದದ್ದು. ಸೀಟಿ ಬರದಿದ್ದರೆ ನಾವು ಹೊಸ ಕುಕ್ಕರ್ ತರುತ್ತೇವೆಯೇ? ಮೊದಲು ಗ್ಯಾಸ್ಕೆಟ್ ನೋಡುತ್ತೇವೆ.

ಎರಡು ದಿರ್ಹಮಿನ ನೋಟ್ ಪುಸ್ತಕ ತರಿಸಿ, ಹನ್ನೆರಡು ವರ್ಷದ ಸೊಸೆಗೆ ಕೊಟ್ಟೆ. ತಮ್ಮ ಹೇಳಿದ ತೊಂದರೆಗಳನ್ನು ಅವಳು ಒಂದೊಂದಾಗಿ ಬರೆದಳು. ಒಂದು, ನಿಂತಲ್ಲಿ ಎಂಜಿನ್ ಸಮನಾಗಿ ಓಡುವುದಿಲ್ಲ, ಏರಿ ಇಳಿದು ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಎರಡು, ವೇಗ ಕೊಟ್ಟರೆ ಒತ್ತಡ 3 ಪಿಎಸ್‌ಐ ದಾಟುವುದಿಲ್ಲ, ಹಿಂದಿನಿಂದ ಕಪ್ಪು ಹೊಗೆ. ಮೂರು, ಹತ್ತು ನಿಮಿಷ ನಿಂತು ಓಡಿದರೆ ನೀಲಿ ಹೊಗೆ. ಪ್ರತಿಯೊಂದರ ಮುಂದೆ ಮೂರು ಮನೆಗಳು: ಏನು ನೋಡಿದೆವು, ಏನು ಬದಲಿಸಿದೆವು, ಎಷ್ಟು ಖರ್ಚಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಖರ್ಚಿಲ್ಲದ ಪರೀಕ್ಷೆ ಮೊದಲು ಎಂದು ನಿಯಮ ಮಾಡಿದೆ.

ಇದು ನಾನು ಕಂಡುಹಿಡಿದ ಬುದ್ಧಿಯಲ್ಲ. ಅರಬಿ ವ್ಯಾಕರಣ ಓದಿದವರಿಗೆ ಗೊತ್ತು, ಪದದ ಕೊನೆಯ ಸ್ವರ ತಪ್ಪಿದರೆ ಆ ಪದವನ್ನೇ ಉಜ್ಜಿ ಪ್ರಯೋಜನವಿಲ್ಲ. ಅದನ್ನು ಆಳುವ 'ಆಮಿಲ್' ಎಲ್ಲಿದೆ ಎಂದು ಹಿಂದಕ್ಕೆ ಹುಡುಕುತ್ತಾ ಹೋಗಬೇಕು. ತಪ್ಪು ಕಾಣಿಸುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ.

ಮೊದಲ ದಿನ ತಣ್ಣಗಿದ್ದ ಎಂಜಿನ್ನಿನ ಟರ್ಬೋಗೆ ಹೋಗುವ ಗಾಳಿ ಕೊಳವೆ ಬಿಚ್ಚಿ, ಚಕ್ರದ ನಡುವಿನ ಕಂಬಿಯನ್ನು ಮೆಕ್ಯಾನಿಕ್ ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಅಡ್ಡಕ್ಕೆ ಕೂದಲೆಳೆಯಷ್ಟು ಅಲುಗಾಟ ಇರಬಹುದು, ಎಣ್ಣೆಯ ಪೊರೆಗೆ ಆ ಸಂದು ಬೇಕು. ಒಳಕ್ಕೆ ಹೊರಕ್ಕೆ ಅಲುಗಿದರೆ, ರೆಕ್ಕೆ ಗೋಡೆಗೆ ಉಜ್ಜಿದ್ದರೆ ಬೇರಿಂಗ್ ಹೋಗಿದೆ ಎಂದು ಅರ್ಥ. ಇಲ್ಲಿ ಅದೇನೂ ಇರಲಿಲ್ಲ. ಬೆರಳಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗಿತು. ಸತ್ತಿದೆ ಎಂದು ಘೋಷಿಸಿದ್ದ ಟರ್ಬೋ ಜೀವಂತವಾಗಿಯೇ ಇತ್ತು. ಖರ್ಚಿನ ಮನೆಯಲ್ಲಿ ಸೊಸೆ ಸೊನ್ನೆ ಬರೆದಳು.

ಹಾಗಾದರೆ ನೀಲಿ ಹೊಗೆ? ನೀಲಿ ಎಂದರೆ ಎಣ್ಣೆ ಸುಡುತ್ತಿದೆ ಎಂದರ್ಥ. ಟರ್ಬೋದ ಬೇರಿಂಗಿಗೆ ಎಂಜಿನ್ ಆಯಿಲ್ ಒತ್ತಡದಿಂದ ಬರುತ್ತದೆ. ಹಿಂದಿರುಗುವಾಗ ಮಾತ್ರ ಒತ್ತಡವಿಲ್ಲ, ತನ್ನ ಭಾರದಿಂದಲೇ ನೊರೆ ನೊರೆಯಾಗಿ ಕೆಳಗಿನ ಎಣ್ಣೆ ತೊಟ್ಟಿಗೆ ಇಳಿಯಬೇಕು. ಅದಕ್ಕೇ ಹಿಂದಿರುಗುವ ಪೈಪ್ ಅಗಲವಾಗಿರಬೇಕು, ಎಲ್ಲೂ ಮೇಲೇಳದೆ ಇಳಿಜಾರಾಗಿರಬೇಕು. ತಮ್ಮ ಹಾಕಿದ ಪೈಪ್ ಉದ್ದವಾಗಿತ್ತು. ಕತ್ತರಿಸಲು ಮನಸ್ಸಾಗದೆ ಬಗ್ಗಿಸಿ, ನಡುವೆ ಒಂದು ಗೂನು ಮಾಡಿ ಕಟ್ಟಿದ್ದ. ಬಚ್ಚಲ ಪೈಪ್ ಮೇಲಕ್ಕೆ ಬಾಗಿದರೆ ನೀರು ನಿಲ್ಲುವಂತೆ ಎಣ್ಣೆ ಟರ್ಬೋದಲ್ಲೇ ನಿಂತು, ಸೀಲ್ ದಾಟಿ ಹೊಗೆಯ ದಾರಿಗೆ ಸೋರುತ್ತಿತ್ತು. ನಾಲ್ಕು ಬೆರಳಷ್ಟು ಕತ್ತರಿಸಿ ನೇರ ಮಾಡಿದ. ಒಳಗೆ ಉಳಿದಿದ್ದ ಎಣ್ಣೆ ಸುಟ್ಟು ಮುಗಿದ ಮೇಲೆ ನೀಲಿ ಹೊಗೆ ನಿಂತಿತು.

ಉಳಿದ ಎರಡು ತೊಂದರೆಗಳು ಅವನನ್ನು ತಿಂಗಳುಗಟ್ಟಲೆ ಕಾಡಿದ್ದವು. ಕಾರಣವಿತ್ತು. ನಿಂತಲ್ಲಿ ತಡವರಿಸಿದರೆ ಪೆಟ್ರೋಲ್ ಕಡಿಮೆ ಎನಿಸುತ್ತದೆ. ವೇಗದಲ್ಲಿ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು ಎನಿಸುತ್ತದೆ. ಹೆಚ್ಚಿಸಿದರೆ ಒಂದು ಕೆಡುತ್ತದೆ, ಇಳಿಸಿದರೆ ಇನ್ನೊಂದು. ಒಂದೇ ಎಂಜಿನ್ ಎರಡು ವಿರುದ್ಧ ಮಾತು ಹೇಳುವುದು ಹೇಗೆ?

ಎರಡನೆಯ ರಜಾದಿನ, ಅಸರ್ ನಮಾಝಿನ ನಂತರ, ಸೈಕಲ್ ಅಂಗಡಿಯವರು ಪಂಕ್ಚರ್ ಹುಡುಕುವ ರೀತಿಯಲ್ಲೇ ಹುಡುಕಿದೆವು. ಎಂಜಿನ್ ನಿಲ್ಲಿಸಿ, ಟರ್ಬೋದ ಬಾಯಿಗೆ ಟಯರಿನ ವಾಲ್ವ್ ಕೂಡಿಸಿದ ಮುಚ್ಚಳ ಬಿಗಿದು, ಕಂಪ್ರೆಸರಿನಿಂದ 5 ಪಿಎಸ್‌ಐ ಗಾಳಿ ತುಂಬಿದರು. ಪಾತ್ರೆ ತೊಳೆಯುವ ಸಾಬೂನು ಕಲಸಿದ ನೀರನ್ನು ಸೊಸೆ ಒಂದೊಂದು ಕೂಡಿಕೆಗೂ ಸ್ಪ್ರೇ ಮಾಡುತ್ತಾ ಬಂದಳು. ನಾನು ಟಾರ್ಚ್ ಹಿಡಿದಿದ್ದೆ. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಬರುವ ರಬ್ಬರ್ ಹೋಸಿನ ಅಡಿಭಾಗದಲ್ಲಿ, ಮೇಲಿನಿಂದ ಯಾರಿಗೂ ಕಾಣದ ಕಡೆ, ಬಿಳಿ ಗುಳ್ಳೆಗಳು ಬುಸುಬುಸು ಎದ್ದವು. "ಫುಪ್ಪೂ, ಇಲ್ಲಿ!" ಎಂದು ಕಿರುಚಿದಳು. ಕ್ಲಿಪ್ಪನ್ನು ಹೋಸಿನ ಅಂಚಿಗೇ ಹಾಕಿ ಅತಿಯಾಗಿ ಬಿಗಿದಿದ್ದರಿಂದ ರಬ್ಬರ್ ಸೀಳಿತ್ತು.

ಒಂದೇ ಸೀಳು, ಎರಡೂ ತೊಂದರೆಗೆ ಕಾರಣ. ಹೇಗೆಂದರೆ, ಆ ಕಾರಿನಲ್ಲಿ ಗಾಳಿಯನ್ನು ಅಳೆಯುವ ಪೆಟ್ಟಿಗೆ ಟರ್ಬೋಗಿಂತ ಮೊದಲೇ ಇದೆ. ಅಲ್ಲಿ ಅಳೆದಷ್ಟಕ್ಕೆ ಸರಿಯಾಗಿ ಪೆಟ್ರೋಲ್ ಬರುತ್ತದೆ. ನಿಂತಲ್ಲಿ ಓಡುವಾಗ ಎಂಜಿನ್ ಗಾಳಿ ಎಳೆಯುತ್ತದೆ, ಸೀಳಿನಿಂದ ಅಳೆಯದ ಗಾಳಿ ಒಳಗೆ ನುಗ್ಗುತ್ತದೆ, ಪೆಟ್ರೋಲ್ ಸಾಲದೆ ತಡವರಿಸುತ್ತದೆ. ವೇಗದಲ್ಲಿ ಟರ್ಬೋ ಗಾಳಿ ಒತ್ತುತ್ತದೆ, ಅಳೆದ ಗಾಳಿ ಅದೇ ಸೀಳಿನಿಂದ ಹೊರಗೆ ಹೋಗುತ್ತದೆ, ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ, ಒತ್ತಡವೂ ಏರುವುದಿಲ್ಲ. ಹೊಸ ಟರ್ಬೋ ಹಾಕಿದ್ದರೂ ಇದೇ ಕಥೆ. ಹೋಸಿಗೆ ಮೂವತ್ತೈದು ದಿರ್ಹಮ್ ಆಯಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡೆವು. ಮೆಕ್ಯಾನಿಕ್ ಮಾತ್ರ, "ಇನ್ನು ಮೇಲೆಯೇ ಭಯ" ಎಂದ. ಒತ್ತಡ ಪೂರ್ತಿ ಬಂದರೆ ಪೆಟ್ರೋಲೂ ಅಷ್ಟೇ ಬರಬೇಕು. ಸಾಮಾನ್ಯ ಓಟದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದ ಲೆಕ್ಕದಲ್ಲಿ. ಟರ್ಬೋ ಒತ್ತುವಾಗ ಗಾಳಿ 12 ಪಾಲಿಗಿಂತ ಕಡಿಮೆ ಇರಬೇಕು. ಹೆಚ್ಚಾದರೆ ಕಿಡಿಗೆ ಕಾಯದೆ ಇಂಧನ ಸಿಡಿದು ಪಿಸ್ಟನ್ ಕರಗಿಹೋಗಬಹುದು. ಅದಕ್ಕೆ ಸೈಲೆನ್ಸರಿನ ಕೊಳವೆಗೆ ಅಳತೆಯ ಮೀಟರ್ ಹಾಕಿ, ಕಾರನ್ನು ರಿಕವರಿಯಲ್ಲಿ ಸಾಗಿಸಿ, ಉರುಳೆಗಳ ಮೇಲೆ ನಿಂತಲ್ಲೇ ಓಡಿಸುವ ಡೈನೋ ಯಂತ್ರಕ್ಕೆ ಹತ್ತಿಸಿದರು. ಒತ್ತಡ 5 ದಾಟಿತು. ಮೀಟರ್ 13 ತೋರಿಸಿತು, ಇನ್ನೂ ಏರುತ್ತಿತ್ತು. ಡಬ್ಬದಲ್ಲಿ ಕಲ್ಲು ಅಲುಗಿಸಿದಂಥ ಸದ್ದು ಕ್ಷಣಕಾಲ ಕೇಳಿತು. ತಮ್ಮ ಕಾಲು ತೆಗೆದ. ಅವನ ಮುಖ ಬಿಳಿಚಿಕೊಂಡಿತ್ತು.

ಕಿಟ್ಟಿನಲ್ಲಿ ಒತ್ತಡ ಏರಿದಂತೆ ಪೆಟ್ರೋಲಿನ ಒತ್ತಡವನ್ನೂ ಏರಿಸುವ ಒಂದು ರೆಗ್ಯುಲೇಟರ್ ಇತ್ತು. ಅದಕ್ಕೆ ಸುದ್ದಿ ಮುಟ್ಟಿಸಬೇಕಾದ ತೆಳು ಪೈಪ್ ಎಂಜಿನ್ನಿನ ಹಿಂದೆ ನೇತಾಡುತ್ತಿತ್ತು. ಸೇರಬೇಕಾದ ಮೂತಿಗೆ ಕಂಪೆನಿಯ ಹಳೆಯ ರಬ್ಬರ್ ಟೋಪಿ ಹಾಗೇ ಇತ್ತು, ಆದ್ದರಿಂದಲೇ ಸಾಬೂನು ನೀರಿಗೆ ಅದು ಸಿಕ್ಕಿರಲಿಲ್ಲ. ಇಷ್ಟು ದಿನ ಎಂಜಿನ್ ಉಳಿದದ್ದು ಆ ಸೀಳಿನಿಂದ! ಒತ್ತಡ ಏರದಂತೆ ತಡೆದು ಈ ದೊಡ್ಡ ತಪ್ಪನ್ನು ಅದು ಮುಚ್ಚಿಟ್ಟಿತ್ತು. ಟೋಪಿ ತೆಗೆದು ಪೈಪ್ ಸೇರಿಸಿ, ರೆಗ್ಯುಲೇಟರ್ ಸರಿಹೊಂದಿಸಿದ ಮೇಲೆ ಮೀಟರ್ 12ರ ಕೆಳಗೆ ನಿಂತಿತು.

ಆ ರಾತ್ರಿ ಮನೆಯಲ್ಲಿ ಸೊಸೆ ಪುಸ್ತಕ ಪೂರ್ತಿ ಮಾಡಲು ಕುಳಿತಳು. "ಅಬ್ಬಾ, ಹಿಂದೆ ಕೊಂಡದ್ದರ ಖರ್ಚಿನ ಮನೆ ಖಾಲಿ ಇದೆ. ಕಿಟ್ಟಿಗೆ ಎಷ್ಟು? ಇಂಟರ್‌ಕೂಲರಿಗೆ?" ಲೆಕ್ಕಪತ್ರದವನಲ್ಲವೇ, ಒಂದೊಂದೂ ನೆನಪಿತ್ತು. ಹೇಳುತ್ತಾ ಹೋದ, ಅವಳು ಕೂಡಿಸಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾದಿನಿಗೆ ಅವನು ಮೊದಲು ಹೇಳಿದ್ದ ಮೊತ್ತದ ಎರಡರಷ್ಟಿತ್ತು ಅದು. ಯಾರೂ ಮಾತಾಡಲಿಲ್ಲ. ನಾನು ಮಗುವನ್ನು ಕರೆದುಕೊಂಡು ಕೋಣೆಗೆ ಹೋದೆ.

ಗಂಡ ಹೆಂಡತಿ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಬೆಳಿಗ್ಗೆ ಚಹಾ ಕೊಡುವಾಗ ನಾದಿನಿ ಇಷ್ಟೇ ಹೇಳಿದಳು. "ಆಪಾ, ದುಡ್ಡು ಹೋದದ್ದಕ್ಕೆ ಬೇಸರವಿಲ್ಲ. ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಕೇಳಲೇ ಇಲ್ಲವಲ್ಲ." ತಮ್ಮ ತಲೆತಗ್ಗಿಸಿ ಕುಳಿತಿದ್ದ. ಆಮೇಲೆ ತಾನಾಗಿಯೇ, "ಇನ್ನು ಕಾರಿಗೆ ಒಂದು ದಿರ್ಹಮ್ ಹಾಕುವುದಿದ್ದರೂ ಮೊದಲು ಆ ಪುಸ್ತಕದಲ್ಲಿ ಬರೆದು ನಿನಗೆ ತೋರಿಸುತ್ತೇನೆ" ಎಂದ.

ಅವನಿಗೆ ಸಮಾಧಾನವಾಗಲೆಂದು, ಅವನೇ ನನಗೆ ಹೇಳಿದ್ದ ಒಂದು ಸಂಗತಿಯನ್ನು ನೆನಪಿಸಿದೆ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪೆನಿ 1962ರಲ್ಲಿ ಟರ್ಬೋ ಇದ್ದ ಜೆಟ್‌ಫೈರ್ ಕಾರು ಮಾರಿತು. ಅದಕ್ಕೆ ಆಗಾಗ ಒಂದು ಬಗೆಯ ದ್ರವ ತುಂಬಿಸಬೇಕಿತ್ತು. ಬಹಳ ಮಂದಿ ತುಂಬಿಸಲು ಮರೆತರು. ಕೊನೆಗೆ ಕಂಪೆನಿಯೇ ಬಂದವರ ಕಾರಿನಿಂದ ಟರ್ಬೋ ತೆಗೆದು ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಟ್ಟಿತು. ದೊಡ್ಡ ಕಂಪೆನಿಯೇ ಸೋತ ಕೆಲಸದಲ್ಲಿ ನೀನು ಎಡವಿದ್ದು ನಾಚಿಕೆಯಲ್ಲ, ಯಾರಿಗೂ ಹೇಳದೆ ಎಡವಿದ್ದು ಮಾತ್ರ ತಪ್ಪು ಎಂದೆ. ನಕ್ಕ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಟರ್ಬೋ ಇರಲಿಕ್ಕಿಲ್ಲ. ಮಿಕ್ಸಿ, ಪಂಪ್, ಸ್ಕೂಟರ್ ಇವೆ. ಯಾವುದೇ ಕೆಟ್ಟಾಗ 'ಹೊಸದು ತರಬೇಕು' ಎಂಬ ಮಾತು ಬಂದರೆ, 'ಹೇಗೆ ಗೊತ್ತು?' ಎಂದು ಒಮ್ಮೆ ಕೇಳಿ ನೋಡಿ. ಹೆಣ್ಣಿಗೇಕೆ ಯಂತ್ರದ ಮಾತು ಎಂದಾರು, ಎನ್ನಲಿ. ಕೇಳುವುದಕ್ಕೆ ಯಂತ್ರ ಗೊತ್ತಿರಬೇಕಾಗಿಲ್ಲ.

ನಾನು ಊರಿಗೆ ಹೊರಟ ದಿನ ಸೊಸೆ ಪುಸ್ತಕದ ಕೊನೆಯ ಪುಟ ತೋರಿಸಿದಳು. 'ಹೊಸ ಟರ್ಬೋ' ಎಂದು ಬರೆದು ಗೀಟು ಹೊಡೆದಿದ್ದಳು. ವಿಮಾನ ನಿಲ್ದಾಣದಲ್ಲಿ ಕೈಬೀಸಿದ ನಾದಿನಿಯ ಕೈಯಲ್ಲಿ ಬಳೆಗಳಿದ್ದವು.