ಡಬ್ಬಿ ಬಡಿದ್ಹಾಂಗ

ನಮ್ಮಪ್ಪ ಡೊಳ್ಳು ಬಾರಿಸುತ್ತಿದ್ದ. ಮಂಗಳವೇಢೆ ತಾಲೂಕಿನಲ್ಲಿ ನಮ್ಮ ಹುಲಜಂತಿ ಕಡೆಯ ಹಳ್ಳಿಗಳೊಳಗ ಇದೇನು ದೊಡ್ಡ ಮಾತಲ್ಲ, ಓಣಿಗೊಬ್ಬ ಡೊಳ್ಳಿನವ ಸಿಗತಾನ. ದೀಪಾವಳಿಗೆ ಹುಲಜಂತಿ ಮಹಾಲಿಂಗರಾಯನ ಜಾತ್ರೆ. ಸುತ್ತಲಿನ ದೇವರ ಪಾಲಕಿಗಳು ಬಂದು ಭೇಟಿಯಾಗುವಾಗ ಭಂಡಾರ ಹಾರಿ ಮೈ-ಮಾರಿ ಎಲ್ಲಾ ಹಳದಿ ಆಗತದ, ಡೊಳ್ಳುಗಳೆಲ್ಲಾ ಒಮ್ಮೆಲೇ ಬೀಳತಾವ. ಆ ಸದ್ದು ಕಿವಿಗಿಂತ ಮೊದಲು ಎದಿಗೆ ಬಡೀತದ. ಅದನ್ನು ಕೇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಹೋಗಿ ಹದಿನೈದು ವರ್ಷದ ಮ್ಯಾಲಾತು. ಅವನ ಡೊಳ್ಳಿನ ಚರ್ಮ ಇಲಿ ತಿಂದು ಹಾಳಾತು. ಉಳಿದದ್ದು ಒಂದೇ ಒಂದು ಕ್ಯಾಸೆಟ್. 1994ರ ಶಿವರಾತ್ರಿ ಹೊತ್ತಿಗೆ, ಜ್ವಾಳದ ಸುಗ್ಗಿಯೊಳಗ, ನಮ್ಮ ಮಾವ ಮುಂಬಯಿಯಿಂದ ಟೇಪ್ ರಿಕಾರ್ಡರ್ ತಂದಿದ್ದ. ಗುಡಿ ಕಟ್ಟಿ ಮ್ಯಾಲೆ ಅದನ್ನಿಟ್ಟು ಒಂದೇ ಮೈಕಿನೊಳಗ ತುಂಬಿಸಿದ್ದು. ಪದ ಹಾಡಿದವರು ಅಪ್ಪನ ಜೋಡಿಗಾರ. ರಕ್ತಸಂಬಂಧ ಇಲ್ಲದಿದ್ದರೂ ನಾನು ಅವರಿಗೆ ಕಾಕಾ ಅಂತೀನಿ. ಕ್ಯಾಸೆಟ್ಟಿನ ಟೇಪು ಹರಿಯುವ ಮೊದಲೇ ಅದನ್ನು ಸೊಲ್ಲಾಪುರಕ್ಕ ಒಯ್ದು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ.

ಅದೇ ವರ್ಷ ಒಂದು ಹಳೇ ಕಾರೂ ತಗೊಂಡಿದ್ದೆ, ಮೂರನೇ ಕೈಯದು. ಅದರಾಗ ಡೆಕ್ ಇತ್ತು, ಮುಂದಿನ ಎರಡು ಬಾಗಿಲಿಗೆ ಒಂದೊಂದು ಸ್ಪೀಕರ್ ಇತ್ತು. ಕಾಕಾ ಅವರ ಕಣ್ಣಿನ ಆಪರೇಶನ್ ಮುಗಿಸಿ ಸೊಲ್ಲಾಪುರದಿಂದ ಕರಕೊಂಡು ಬರುವಾಗ, ಮಂಗಳವೇಢೆ ದಾಟಿದ ಮ್ಯಾಲೆ ಆ ಪದ ಹಚ್ಚಿದೆ. ಮುದುಕ ಖುಷಿ ಆಗತಾರ ಅಂತ ಕನ್ನಡಿಯೊಳಗ ಅವರ ಮಾರಿ ನೋಡಕೋತ ಹೊಂಟಿದ್ದೆ. ಕಣ್ಣಿಗೆ ಹಸಿರು ಪಟ್ಟಿ, ಮಾರಿಯೊಳಗ ಏನೂ ಇಲ್ಲ. ಪದ ಮುಗೀತು.

"ಹಾಡಿದವ ನಾನ ಖರೆ. ಡೊಳ್ಳ ಯಾರದು?" ಅಂದರು.

"ಅಪ್ಪಂದರೀ ಕಾಕಾ."

"ಅಲ್ಲೋ ತಮ್ಮಾ. ಇದು ಡಬ್ಬಿ ಬಡಿದ್ಹಾಂಗ ಐತಿ."

ನನಗ ಸಿಟ್ಟು ಬಂತು. ಎಂಬತ್ತು ದಾಟಿದ ಕಿವಿ, ಏನು ಕೇಳೀತು ಅಂದುಕೊಂಡೆ. ಆದರ ಊರು ಮುಟ್ಟಿದ ಮ್ಯಾಲೆ ಒಬ್ಬನೇ ಕಾರಿನಾಗ ಕುಂತು ಮತ್ತ ಹಚ್ಚಿದಾಗ ಮುದುಕನ ಮಾತು ಖರೆ ಅನಿಸ್ತು. ಬಲಗೈ ಕೋಲಿನ ಪೆಟ್ಟು ಟಣಟಣ ಕೇಳತಿತ್ತು. ತಾಳ ಕೇಳತಿತ್ತು, ಕಾಕಾ ಉಸಿರು ಎಳಕೊಂಡದ್ದೂ ಕೇಳತಿತ್ತು. ಎಡಗೈ ಅಂಗೈಯಿಂದ ಬೀಳುವ ಆ ಧೂಂ ಅನ್ನೋದು ಮಾತ್ರ ಇರಲಿಲ್ಲ. ಅರ್ಧ ಅಪ್ಪ ಇದ್ದ, ಅರ್ಧ ಅಪ್ಪ ಇಲ್ಲ.

ಮಂಗಳವೇಢೆಯೊಳಗ ಗೋಡೆ ಕುಸಿದು ಚೋಖಾಮೇಳ ಸತ್ತಾಗ ನಾಮದೇವ ಬಂದು ಒಂದೊಂದೇ ಎಲುಬಿಗೆ ಕಿವಿ ಹಚ್ಚಿ, ವಿಠ್ಠಲ ಅಂತ ಸದ್ದು ಬಂದ ಎಲುಬುಗಳನ್ನು ಆರಿಸಿ ಪಂಢರಪುರಕ್ಕ ಒಯ್ದನಂತ. ಈ ಕತಿ ನಮ್ಮ ಕಡೆ ಕೂಸಿಗೂ ಗೊತ್ತು. ಆ ರಾತ್ರಿ ಬಾಗಿಲಿನ ಸ್ಪೀಕರಿಗೆ ಕಿವಿ ಹಚ್ಚಿ ಕುಂತ ನನ್ನನ್ನು ನೋಡಿ ಮನಿಯಾಕಿ ಅದನ್ನೇ ಎತ್ತಿ ನಕ್ಕಳು.

ಇಲ್ಲಿಂದ ಮುಂದ ನಾ ಮಾಡಿದ್ದೆಲ್ಲಾ ಶಾಣ್ಯಾತನ ಅಂತ ಹೇಳಂಗಿಲ್ಲ. ಮೊದಲು ಡೆಕ್ಕಿನ ಬಾಸ್ ಗುಂಡಿ ಪೂರಾ ಏರಿಸಿದೆ. ಸ್ಪೀಕರ್ ಹರಕು ಪರಾತಿನ ಹಾಂಗ ಗಿರಗಿರ ಅಂತು, ಧೂಂ ಬರಲಿಲ್ಲ. ಸ್ಪೀಕರ್ ಹಳೇವಾಗ್ಯಾವ ಅಂತ ಒಂದು ಅಂಗಡಿಯವ ಹೇಳಿದ. 3,200 ರೂಪಾಯಿ ಕೊಟ್ಟು ಹೊಸ ಜೋಡಿ ಹಾಕಿಸಿದೆ. ಅವ ಹಳೇ ವಾಯರಿಗೇ ಹೊಸ ಸ್ಪೀಕರ್ ಜೋಡಿಸಿ ಕಳಿಸಿದ. ಮತ್ತ ಅದೇ ಡಬ್ಬಿ. "ಹಂಗಾದರ ಆಂಪ್ಲಿಫೈಯರ್ ಹಾಕಿಸ್ರಿ, ಹಿಂದ ದೊಡ್ಡ ಸಬ್‌ವೂಫರ್ ಇಡ್ರಿ" ಅಂದ. ಅದರ ರೊಕ್ಕ ಕೇಳಿ ಸುಮ್ಮನೆ ಎದ್ದು ಬಂದೆ.

ಆಮ್ಯಾಲೆ ತಲಿಯೊಳಗ ಒಂದು ಕೆಟ್ಟ ಹುಳ ಹೊಕ್ಕಿತು. ತಪ್ಪು ಕಾರಿನದಲ್ಲ, ಕ್ಯಾಸೆಟ್ಟಿನದೇ ಇರಬೇಕು, ಆ ಸಣ್ಣ ಮೈಕಿಗೆ ಅಪ್ಪನ ಎಡಗೈ ಸಿಕ್ಕೇ ಇಲ್ಲ. ಮೊಬೈಲಿನಾಗ ಹಚ್ಚಿ ನೋಡಿದೆ, ಅದರಾಗಂತೂ ತಾಳ ಬಿಟ್ಟರ ಏನೂ ಇಲ್ಲ. ಮೊಬೈಲಿನ ಬೆರಳುಗುರಿನಷ್ಟು ಸ್ಪೀಕರಿಗೆ ದಪ್ಪ ಧ್ವನಿ ಹೊರಡಿಸಲಿಕ್ಕೇ ಬರೋದಿಲ್ಲ, ಅದನ್ನು ಪುರಾವೆ ಅಂತ ಹಿಡೀಬಾರದು. ಇದು ಗೊತ್ತಿದ್ದ ಮಾಸ್ತರನೇ ನಾನು, ಆದರ ಆವತ್ತು ಹಿಡಿದೆ. ಇದ್ದ ಒಂದು ಗುರುತೂ ಖಾಲಿ ಅಂತ ಮನಸ್ಸು ಮಾಡಿಕೊಂಡು ಪೆನ್‌ಡ್ರೈವ್ ತಗದು ಕಪಾಟಿನಾಗ ಇಟ್ಟೆ. ಎರಡು ತಿಂಗಳು ಮುಟ್ಟಲಿಲ್ಲ.

ಕಬ್ಬಿನ ಹಂಗಾಮು ಬರೋ ಮುಂದ ನಮ್ಮ ಕಡೆ ಟ್ರ್ಯಾಕ್ಟರಿನವರು ಮೊದಲು ಮಾಡಿಸೋದು ಬ್ರೇಕ್ ಅಲ್ಲ, ಡೆಕ್. ಆ ಕೆಲಸ ಮಾಡುವ ಹುಡುಗನೊಬ್ಬ ಇದ್ದಾನ, ನಮ್ಮ ಜಿಲ್ಲಾ ಪರಿಷತ್ತಿನ ಕನ್ನಡ ಸಾಲಿಯೊಳಗ ನನ್ನ ಕೈಯಾಗ ಕಲಿತವ. ಗಣಿತದಾಗ ಅವನಿಗೆ ನಾನು ಕೊಟ್ಟ ಮಾರ್ಕು ಇಲ್ಲಿ ಬರೆಯೋದಿಲ್ಲ. ಪಂಕ್ಚರ್ ತಗಸಾಕ ಹೋದಾಗ ಅವ ಸಿಕ್ಕ, ಮಾತಿಗೆ ಮಾತು ಬಂತು.

"ಗುರೂಜಿ, ಬ್ಯಾಲೆನ್ಸ್ ಒಂದ ಕಡೆ ಮಾಡಿ ನೋಡೀರೇನು?" ಅಂದ.

ಇಲ್ಲ ಅಂದೆ. ಅವ ಕುಂತವನೇ ಧ್ವನಿಯನ್ನು ಪೂರಾ ಎಡಬಾಗಿಲಿಗೆ ತಿರುವಿದ. ಬಲಗಡೆಯದು ಬಂದ್. ಒಂದೇ ಸ್ಪೀಕರ್ ಹಾಡತಿತ್ತು, ಆದರ ಧ್ವನಿ ಮೊದಲಿಗಿಂತ ದಪ್ಪಾತು! ಪೂರಾ ಬಲಕ್ಕ ತಿರುವಿದ, ಆವಾಗೂ ದಪ್ಪ. ನಡುವಿಗೆ ತಂದು ಎರಡೂ ಕೂಡಿಸಿದ, ಮತ್ತ ಡಬ್ಬಿ. ಒಂದಕ್ಕ ಒಂದು ಕೂಡಿಸಿದರ ಒಂದಕ್ಕಿಂತ ಕಡಿಮಿ! ಮೂವತ್ತು ವರ್ಷ ಕೂಡಿಸೋದು ಕಲಿಸಿದವ ಬಾಯಿ ತಗದು ನೋಡಕೋತ ನಿಂತೆ.

"ಫೇಸ್ ಉಲ್ಟಾ ಐತ್ರಿ," ಅಂದ.

ಅವ ಹೇಳಿದ್ದನ್ನು ಸಾಲಿ ಮಾಸ್ತರರಿಗೆ ಉಪಯೋಗ ಆದೀತು ಅಂತ ಸ್ವಲ್ಪ ಬಿಡಿಸಿ ಬರೀತೀನಿ. ಸ್ಪೀಕರಿಗೆ ಪ್ಲಸ್ ಮೈನಸ್ ಎರಡು ಕಡ್ಡಿ ಇರತಾವ. ಎರಡೂ ಸ್ಪೀಕರ್ ಸರಿಯಾಗಿ ಜೋಡಿಸಿದ್ದರ ಎರಡರ ಪರದೆಯೂ ಕೂಡೇ ಹೊರಗ ಬರತಾವ, ಕೂಡೇ ಒಳಗ ಹೋಗತಾವ. ಒಂದರ ವಾಯರ್ ತಿರುವಾದರ, ಒಂದು ಗಾಳಿ ದೂಡುವಾಗ ಇನ್ನೊಂದು ಎಳಕೋತದ. ಬೀಸುಕಲ್ಲಿಗೆ ಇಬ್ಬರು ಹೆಣ್ಣುಮಕ್ಕಳು ಎದುರಾಬದುರಾ ಕುಂತು ಒಂದೇ ಗೂಟ ಹಿಡಿದು, ಒಬ್ಬಾಕಿ ಈ ಕಡೆ, ಇನ್ನೊಬ್ಬಾಕಿ ಆ ಕಡೆ ತಿರುವಿದರ ಕಲ್ಲು ನಿಂತಲ್ಲೇ ನಿಲ್ಲತದಲ್ಲ, ಹಂಗ. ಕೈಯೊಳಗ ಶಕ್ತಿ ಇಲ್ಲ ಅಂತಲ್ಲ, ಹಿಟ್ಟು ಮಾತ್ರ ಬೀಳೂದಿಲ್ಲ.

ಹಂಗಾದರ ತಾಳ ಹ್ಯಾಂಗ ಉಳೀತು? ಅದನ್ನು ಮನಿಗೆ ಬಂದು ಹಲಗಿ ಮ್ಯಾಲೆ ಲೆಕ್ಕ ಮಾಡಿದೆ. ಗಾಳಿಯೊಳಗ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗತದ. ಸೆಕೆಂಡಿಗೆ 70 ಸಲ ನಡುಗುವ ದಪ್ಪ ಧ್ವನಿಯ ಒಂದು ಅಲೆ 340 ಭಾಗಿಸು 70, ಅಂದರ ಐದು ಮೀಟರಿಗೆ ಹತ್ರ. ಕಾರಿನ ಅಗಲ ಎರಡು ಮೀಟರೂ ಇಲ್ಲ. ಅಷ್ಟುದ್ದದ ಅಲೆಗೆ ಎರಡೂ ಬಾಗಿಲು ಹೆಚ್ಚು ಕಡಿಮಿ ಒಂದೇ ಜಾಗ, ಹಿಂಗಾಗಿ ದೂಡಿದ್ದು ಎಳೆದದ್ದು ಅಲ್ಲೇ ವಜಾ ಆಗತದ. ತಾಳದ ಧ್ವನಿ 3,400 ಸಲ ನಡುಗಿದರ ಅದರ ಅಲೆ ಬರೇ ಹತ್ತು ಸೆಂಟಿಮೀಟರ್. ತಲಿ ನಾಲ್ಕು ಬೆರಳು ಸರಿಸಿದರ ಲೆಕ್ಕ ಬದಲಾಗತದ, ಹಿಂಗಾಗಿ ಅದು ಪೂರಾ ವಜಾ ಆಗೂದಿಲ್ಲ. ನಮ್ಮ ಕ್ಯಾಸೆಟ್ ಒಂದೇ ಮೈಕಿನದು, ಎರಡೂ ಬಾಗಿಲಿಗೆ ಹೋಗೋದು ಅದೇ ಧ್ವನಿ. ಅದಕ್ಕೇ ಸಿನಿಮಾ ಪದಕ್ಕಿಂತ ಅಪ್ಪನ ಡೊಳ್ಳಿಗೇ ಪೆಟ್ಟು ಜಾಸ್ತಿ ಬಿತ್ತು.

ಹುಡುಗ ಡೆಕ್ ಹೊರಗ ಎಳೆದು ಹಿಂದಿನ ಪ್ಲಗ್ ಬಿಚ್ಚಿದ. ಡೆಕ್ಕಿಗೆ ವಾಯರ್ ಕೂಡಿರುವಾಗ ಈ ಕೆಲಸ ಮಾಡಬಾರದು, ಡೆಕ್ ಸುಟ್ಟೀತು. ಗಡಿಯಾರಕ್ಕ ಹಾಕುವ 1.5 ವೋಲ್ಟಿನ ಸೆಲ್ ತಗೊಂಡು ಬಿಳಿ ವಾಯರಿಗೆ ಪ್ಲಸ್, ಕರೀ ಗೆರಿ ಇದ್ದ ಬಿಳಿ ವಾಯರಿಗೆ ಮೈನಸ್ ಒಂದು ಕ್ಷಣ ಮುಟ್ಟಿಸಿದ. ಎಡ ಸ್ಪೀಕರಿನ ಪರದೆ ಟಪ್ ಅಂತ ಹೊರಗ ಬಂತು. ಬೂದಿ ಬಣ್ಣದ ವಾಯರಿಗೂ ಹಂಗೇ ಮುಟ್ಟಿಸಿದ. ಬಲಗಡೆಯದು ಒಳಗ ಹೋತು. ನಾನೇ ಬೆರಳಿಟ್ಟು ನೋಡಿದೆ. ಬಾಗಿಲಿನ ತಗಡು ಬಿಚ್ಚಿದರ ಯಾರೋ ಯಾವಾಗೋ ವಾಯರ್ ಕತ್ತರಿಸಿ, ಬಣ್ಣ ನೋಡದೇ ಹೊಸೆದು, ಟೇಪ್ ಸುತ್ತಿದ್ದರು. ಸ್ಪೀಕರಿನ ಅಗಲ ಕಡ್ಡಿ ಪ್ಲಸ್, ಸಣ್ಣದು ಮೈನಸ್. ಅದನ್ನು ಯಾರೂ ನೋಡಿರಲಿಲ್ಲ, ಹೊಸ ಸ್ಪೀಕರ್ ಹಾಕಿದವನೂ. ಎರಡು ವಾಯರ್ ಅದಲುಬದಲು ಮಾಡಿದ, ಸ್ಪೀಕರಿನ ಸುತ್ತ ಗಾಳಿ ಹೋಗದ್ಹಾಂಗ ಸ್ಪಂಜಿನ ಪಟ್ಟಿ ಅಂಟಿಸಿದ. ಪಂಕ್ಚರಿನ ರೊಕ್ಕ ಅಷ್ಟೇ ತಗೊಂಡ. ಎಷ್ಟು ಅಂದರೂ ಮತ್ತೊಂದು ರೂಪಾಯಿ ಮುಟ್ಟಲಿಲ್ಲ. ನನಗ ಆ ಮಾರ್ಕು ನೆನಪಾದವು.

ಅವನ ಮುಂದ ಪದ ಹಚ್ಚಲಿಲ್ಲ. ಮನಿಗೂ ಹಚ್ಚಲಿಲ್ಲ. ಹೆದರಿಕಿ ಇತ್ತು. ಕಾರು ಸರಿಯಾಗಿ, ಆಮ್ಯಾಲೂ ಎಡಗೈ ಕೇಳದಿದ್ದರ?

ದೀಪಾವಳಿ ಅಮಾಸಿ ದಿವಸ ಕಾಕಾ ಅವರನ್ನು ಹುಲಜಂತಿಗೆ ಕರಕೊಂಡು ಹೊಂಟೆ. ಊರು ದಾಟಿ, ಮೊಳಕಾಲುದ್ದ ಬಂದ ಜ್ವಾಳದ ಹೊಲಗಳ ನಡುವೆ ಕಾರು ನಿಲ್ಲಿಸಿ ಹಚ್ಚಿದೆ.

ಮೊದಲನೇ ಪೆಟ್ಟಿಗೇ ಬಾಗಿಲು ನಡುಗಿತು. ಕಾಕಾ ಮಾತಾಡಲಿಲ್ಲ. ಬಾಗಿಲಿಗೆ ಅಂಗೈ ಹಚ್ಚಿ ಕುಂತರು, ಹಚ್ಚಿದ ಕೈ ತಗೀಲಿಲ್ಲ. ಎರಡನೇ ನುಡಿಗೆ ಬಂದಾಗ ಧೂಂ ಸ್ವಲ್ಪ ಸಣ್ಣದಾತು. ನಾನು ಗಾಬರಿಯಾಗಿ ಬಾಸ್ ಗುಂಡಿಗೆ ಕೈ ಹಾಕಿದೆ.

"ಬ್ಯಾಡ ತಮ್ಮಾ, ಏರಸಬ್ಯಾಡ," ಅಂದರು. "ತೆನಿ ಕೊಯ್ಯೂ ಮುಂದ ಎಡಗೈ ಹೆಬ್ಬೆರಳಿಗೆ ಕುಡಗೋಲ ಬಡದಿತ್ತು ಅವಂಗ. ಅರಿವಿ ಸುತಗೊಂಡ ಬಂದಿದ್ದ. ಅವ ಅಷ್ಟ ಬಾರಿಸಿದ್ದು."