ಅಲಾಸ್ಕಾ ನೋಡಲು ಕೆನಡಾ ವೀಸಾ

ಸಿಯಾಟಲ್‌ನಲ್ಲಿ ಹಡಗು ಹತ್ತಿ, ಅಲಾಸ್ಕಾ ನೋಡಿಕೊಂಡು, ಮತ್ತೆ ಸಿಯಾಟಲ್‌ನಲ್ಲೇ ಇಳಿಯುವವರಿಗೆ ಕೆನಡಾ ವೀಸಾ ಯಾಕೆ? ಸಿಯಾಟಲ್ ಅಮೆರಿಕದ್ದು. ಅಲಾಸ್ಕಾವೂ ಅಮೆರಿಕದ್ದೇ, 1867ರಲ್ಲಿ ರಷ್ಯಾಕ್ಕೆ 72 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡದ್ದು. ಮೈಸೂರಿನ ಮನೆಯಲ್ಲಿ ಅರ್ಜಿ ತುಂಬುತ್ತಾ ಕೂತಿದ್ದಾಗ ನನ್ನ ಹೆಂಡತಿ ಕೇಳಿದ ಈ ಪ್ರಶ್ನೆಗೆ ಉತ್ತರ 1886ರ ಒಂದು ಕಾನೂನಿನಲ್ಲಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ತಮ್ಮ ಹಡಗಿನವರ ವ್ಯಾಪಾರ ಉಳಿಸಿಕೊಳ್ಳಲು ಮಾಡಿಕೊಂಡ ಕಾನೂನು ಅದು. ಆ ಹಡಗಿನವರು ಈಗ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಮೆರಿಕದ ಬಾವುಟ ಹಾರಿಸುವ ದೊಡ್ಡ ಕ್ರೂಸ್ ಹಡಗು ಹವಾಯಿ ದ್ವೀಪಗಳನ್ನು ಸುತ್ತುತ್ತಿರುವ ಒಂದೇ ಒಂದು. ಉಳಿದವೆಲ್ಲ ಬಹಾಮಾಸ್, ಪನಾಮಾ, ಬರ್ಮುಡಾ, ನೆದರ್‌ಲ್ಯಾಂಡ್ಸ್ ಅಂತ ನೋಂದಣಿಯಾದವು. ಕಾನೂನು ಮಾತ್ರ ಹಾಗೇ ಉಳಿದಿದೆ. ಅದಕ್ಕಾಗಿಯೇ ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗುವ ಹಡಗುಗಳು ಬರುವಾಗ ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ನಾಲ್ಕು ತಾಸು ನಿಂತು ಬರುತ್ತವೆ.

ಆ ನಾಲ್ಕು ತಾಸಿಗೆ ನಾವು ಕಟ್ಟಿದ್ದು ತಲೆಗೆ ನೂರು ಕೆನಡಾ ಡಾಲರ್ ವೀಸಾ ಶುಲ್ಕ, ಬೆರಳಚ್ಚಿಗೆ ಇನ್ನೂ ಎಂಬತ್ತೈದು. ಜೊತೆಗೆ ಬೆಂಗಳೂರಿಗೆ ಹೋಗಿಬಂದ ಖರ್ಚು. ಹಡಗಿನಿಂದ ಕೆಳಗಿಳಿಯುವುದೇ ಇಲ್ಲ, ಕ್ಯಾಬಿನ್ನಿನಲ್ಲೇ ಮಲಗಿರುತ್ತೇವೆ ಅಂದರೂ ಹಡಗಿನವರು ಹತ್ತಿಸಿಕೊಳ್ಳುವುದಿಲ್ಲ.

ಸಿಯಾಟಲ್‌ನ ಧಕ್ಕೆಯಲ್ಲಿ ಹಡಗು ಎಂಟು ಹತ್ತು ಅಂತಸ್ತಿನ ಅಪಾರ್ಟ್‌ಮೆಂಟಿನ ಹಾಗೆ ನಿಂತಿತ್ತು. ಹಿಂಭಾಗದಲ್ಲಿ ಹೆಸರಿನ ಕೆಳಗೆ ‘ನಸ್ಸಾವ್’ ಅಂತ ಬರೆದಿತ್ತು. ಬಹಾಮಾಸ್‌ನ ರಾಜಧಾನಿ ಅದು. ಒಳಗೆ ಕೌಂಟರುಗಳ ಮುಂದೆ ಉದ್ದದ ಸಾಲು. ವಿಮಾನ ನಿಲ್ದಾಣದ ಸಾಲಿನಲ್ಲಿ ಎಲ್ಲರ ಕೈಯಲ್ಲೂ ಪಾಸ್‌ಪೋರ್ಟ್ ಇರುತ್ತದೆ. ಇಲ್ಲಿ ಹಾಗಿಲ್ಲ. ನಮ್ಮ ಮುಂದಿದ್ದ ಟೆಕ್ಸಸ್‌ನ ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ತೆಗೆದದ್ದು ಮಡಿಕೆಯ ಗೆರೆಗಳಲ್ಲಿ ಸವೆದುಹೋದ ಜನನ ಪ್ರಮಾಣಪತ್ರ, ಅದರ ಮೇಲೊಂದು ಡ್ರೈವಿಂಗ್ ಲೈಸೆನ್ಸ್. ಹೊರಟ ಬಂದರಿಗೇ ಮರಳುವ ಹಡಗಾದರೆ ಅಮೆರಿಕದ ಪ್ರಜೆಗಳಿಗೆ ಅಷ್ಟು ಸಾಕು. ಹದಿನಾರು ತುಂಬದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಸಾಕು. ಅಜ್ಜಿ ಜನ್ಮದಲ್ಲಿ ಪಾಸ್‌ಪೋರ್ಟ್ ಮಾಡಿಸಿಲ್ಲವಂತೆ. ವಿಕ್ಟೋರಿಯಾದಲ್ಲಿ ಕಾಲು ಉಳುಕಿ ಹಡಗು ತಪ್ಪಿ, ವಿಮಾನದಲ್ಲಿ ವಾಪಸ್ ಬರಬೇಕಾಗಿ ಬಂದರೆ ಮಾತ್ರ ಫಜೀತಿ, ವಿಮಾನಕ್ಕೆ ಆ ಕಾಗದ ನಡೆಯುವುದಿಲ್ಲ. ಆ ಚಿಂತೆ ಅವರ ಮುಖದಲ್ಲಿ ಕಾಣಲಿಲ್ಲ.

ಪಕ್ಕದ ಸಾಲಿನಲ್ಲಿ ಮನಿಲಾದಿಂದ ಬಂದ ವಯಸ್ಸಾದ ದಂಪತಿ. ಅವರ ಹತ್ತಿರ ಅಮೆರಿಕದ ವೀಸಾ ಇತ್ತು. ಕೆನಡಾಕ್ಕೆ ವೀಸಾ ಬದಲು ಇಟಿಎ ಅನ್ನುವ ಆನ್‌ಲೈನ್ ಅನುಮತಿ ಪಡೆದಿದ್ದರು. 2023ರ ಜೂನ್‌ನಿಂದ ಫಿಲಿಪೀನ್ಸ್ ಸೇರಿದಂತೆ ಹದಿಮೂರು ದೇಶಗಳವರಿಗೆ, ಅಮೆರಿಕದ ವೀಸಾ ಇದ್ದರೆ, ಕೆನಡಾ ಈ ಸೌಲಭ್ಯ ಕೊಟ್ಟಿದೆ. ಆದರೆ ಅದು ವಿಮಾನದಲ್ಲಿ ಬಂದಿಳಿಯುವವರಿಗೆ ಮಾತ್ರ. ನೆಲದ ಮೇಲಿಂದಲೋ ನೀರಿನ ಮೇಲಿಂದಲೋ ಬಂದರೆ ಅದೇ ಮನುಷ್ಯನಿಗೆ ಅದೇ ಊರಿಗೆ ಪೂರ್ತಿ ವೀಸಾ ಬೇಕು. ಕೌಂಟರಿನ ಹುಡುಗಿ ಇದನ್ನು ಮೂರು ಸಲ, ಪ್ರತಿ ಸಲವೂ ಇನ್ನಷ್ಟು ಮೆಲ್ಲಗೆ ಹೇಳಿದಳು. ಯಜಮಾನರು ಫೋನಿನಲ್ಲಿದ್ದ ಅನುಮತಿಯನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ತೋರಿಸುತ್ತಿದ್ದರು. ಕೊನೆಗೆ ಅವರ ಪೆಟ್ಟಿಗೆಗಳು ಸಾಲಿನಿಂದ ಹೊರಗೆ ಉರುಳಿದವು. ಹುಡುಗಿಯನ್ನು ದೂರುವ ಹಾಗೂ ಇರಲಿಲ್ಲ. ಸರಿಯಾದ ಕಾಗದವಿಲ್ಲದವರನ್ನು ತಂದಿಳಿಸಿದರೆ ಸರ್ಕಾರ ದಂಡ ಹಾಕುವುದು ಹಡಗಿನ ಕಂಪನಿಗೆ. ಹಾಗಾಗಿ ಗಡಿ ಅನ್ನುವುದು ಕೆನಡಾದ ನೀರಿನಲ್ಲಿ ಶುರುವಾಗುವುದಿಲ್ಲ, ಸಿಯಾಟಲ್‌ನ ಈ ಕೌಂಟರಿನಲ್ಲೇ ಶುರುವಾಗಿಬಿಡುತ್ತದೆ.

ನಮ್ಮದು ಐದು ಜನರ ಸಂಸಾರ, ಮೂರು ಬಗೆಯ ಕಾಗದ. ನಾವಿಬ್ಬರು ಪ್ರವಾಸಿ ವೀಸಾದವರು. ಮೊಮ್ಮಗಳು ರೆಡ್ಮಂಡ್‌ನಲ್ಲಿ ಹುಟ್ಟಿದ್ದರಿಂದ ಅಮೆರಿಕದ ಪ್ರಜೆ. ನಾಲ್ಕು ವರ್ಷದ ಅವಳಿಗೆ ಇಡೀ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಕೆಲಸ. ಮಗ ಎಚ್-1ಬಿ ಎಂಬ ಕೆಲಸದ ವೀಸಾದವನು, ಸೊಸೆ ಅವನ ಅವಲಂಬಿತೆಯಾಗಿ ಎಚ್-4. ಇಬ್ಬರ ಪಾಸ್‌ಪೋರ್ಟಿನಲ್ಲೂ ವೀಸಾ ಸ್ಟಾಂಪಿನ ಅವಧಿ ಮುಗಿದಿತ್ತು. ಅಲ್ಲೇ ಇದ್ದು ಕೆಲಸ ಮಾಡಲು ತೊಂದರೆಯಿಲ್ಲ. ಹೊರಗೆ ಕಾಲಿಟ್ಟು ಮತ್ತೆ ಒಳಗೆ ಬರಲು ಮಾತ್ರ ಹೊಸ ಸ್ಟಾಂಪ್ ಬೇಕು, ಅದಕ್ಕೆ ಊರಿಗೆ ಹೋಗಬೇಕು. ಕೆನಡಾ ಮತ್ತು ಮೆಕ್ಸಿಕೋಗೆ ಒಂದು ವಿನಾಯಿತಿ ಇದೆ. ಮೂವತ್ತು ದಿನದೊಳಗೆ ಹೋಗಿಬರುವುದಾದರೆ, ದೇಶದೊಳಗೆ ಇರಲು ಕೊಟ್ಟ ಐ-94 ದಾಖಲೆ ಚಾಲ್ತಿಯಲ್ಲಿದ್ದರೆ, ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕದಿದ್ದರೆ ಹಳೆಯ ಸ್ಟಾಂಪಿನಲ್ಲೇ ಒಳಗೆ ಬಿಡುತ್ತಾರೆ. ಮಗ ಆ ನಿಯಮವನ್ನೇ ಪ್ರಿಂಟ್ ಹಾಕಿಸಿ ತಂದಿದ್ದ. ಹುಡುಗಿ ಮೇಲಿನವರನ್ನು ಕರೆದಳು, ಅವರು ಇನ್ನೊಬ್ಬರಿಗೆ ಫೋನ್ ಮಾಡಿದರು. “ನಿಮ್ಮ ಕಾಲದಲ್ಲಿ ಸ್ವಾಮಿಗಳನ್ನು ನೋಡೋಕೆ ಹೀಗೆ ಕಾಯ್ತಿದ್ರಿ ಅಲ್ವಾ ಅಪ್ಪ,” ಅಂದ ಮಗ. ಕಾಲು ಗಂಟೆಯಾದ ಮೇಲೆ ಬಿಟ್ಟರು.

ಆಮೇಲೆ ಸಮುದ್ರ. ವ್ಯಾಂಕೂವರ್ ದ್ವೀಪದ ಪಡುವಣ ಬದಿಯಿಂದ ಉತ್ತರಕ್ಕೆ ಹೋಗುವಾಗ ಒಂದಿಡೀ ದಿನ ನೀರು ಬಿಟ್ಟರೆ ಏನಿಲ್ಲ. ಜೂನೋ ಅಲಾಸ್ಕಾ ರಾಜ್ಯದ ರಾಜಧಾನಿ, ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ; ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ತಿಮಿಂಗಿಲ ನೋಡಿದೆವು. ಎಲ್ಲರೂ ಬರೆಯುವುದರಿಂದ ನಾನು ಬರೆಯುವುದಿಲ್ಲ.

ಸ್ಕ್ಯಾಗ್ವೇ ಬೇರೆ ಮಾತು. ಸಾವಿರದ ಚಿಲ್ಲರೆ ಜನರ ಊರು, ಹಡಗು ಬಂದ ದಿನ ಅದರ ಹಲವು ಪಟ್ಟು ಜನ. ಇಲ್ಲಿಂದ ವೈಟ್ ಪಾಸ್ ಕಣಿವೆಗೆ ಸಣ್ಣ ಗೇಜಿನ ರೈಲು ಹತ್ತುತ್ತದೆ. 1898ರಲ್ಲಿ ಶುರುಮಾಡಿ 1900ರಲ್ಲಿ ಮುಗಿಸಿದ ದಾರಿ ಅದು. ಸಮುದ್ರಮಟ್ಟದಿಂದ ಇಪ್ಪತ್ತು ಮೈಲಿಯಲ್ಲಿ 2,865 ಅಡಿ ಏರುತ್ತದೆ. ಒಂದು ಕಡೆ ಬಂಡೆ ಕಿಟಕಿಗೆ ತಾಗುತ್ತದೆ, ಇನ್ನೊಂದು ಕಡೆ ಬೋಗಿಯ ಕೆಳಗೆ ನೆಲವೇ ಕಾಣುವುದಿಲ್ಲ. ಟಿಕೆಟ್ ಕೊಳ್ಳುವಲ್ಲಿ ಕೇಳುವ ಮೊದಲ ಪ್ರಶ್ನೆ: ತುದಿಯವರೆಗೆ ಮಾತ್ರವೋ, ಆಚೆಗೂ ಹೋಗುತ್ತೀರೋ? ತುದಿಯೇ ಗಡಿ. ರೈಲು ಅಲ್ಲಿ ತಿರುಗಿ ಬರುವಾಗ ಯಾರೂ ಕೆಳಗಿಳಿಯುವುದಿಲ್ಲವಾದ್ದರಿಂದ ಪಾಸ್‌ಪೋರ್ಟ್ ಬೇಡ. ಆಚೆಯ ಫ್ರೇಸರ್‌ಗೋ ಕಾರ್‌ಕ್ರಾಸ್‌ಗೋ ಹೋದರೆ ಬೇಕು. ಟೆಕ್ಸಸ್‌ನ ಅಜ್ಜಿ ತುದಿಯವರೆಗಿನ ಟಿಕೆಟ್ ತೆಗೆದುಕೊಂಡು ನಮ್ಮ ಬೋಗಿಯಲ್ಲೇ ಕೂತಿದ್ದರು. ಬಾವುಟಗಳ ಸಾಲು ದಾಟಿದಾಗ “ಈಗ ಕೆನಡಾ ನೋಡಿದ ಹಾಗಾಯಿತಲ್ಲ” ಎಂದು ಕಿಟಕಿಯಿಂದ ಫೋಟೋ ತೆಗೆದರು.

ಈ ತುದಿಯಲ್ಲಿ 1898ರ ಫೆಬ್ರವರಿಯಲ್ಲಿ ಕೆನಡಾದ ಕುದುರೆ ಪೊಲೀಸರು ಚೌಕಿ ಹಾಕಿದರು. ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತೆಂದು ಜನ ಹುಚ್ಚೆದ್ದು ಈ ಕಣಿವೆ ಹತ್ತುತ್ತಿದ್ದ ಕಾಲ. ಬಂದವರು ಯಾರು, ಯಾವ ದೇಶ ಅಂತ ಪೊಲೀಸರು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ವರ್ಷಕ್ಕಾಗುವ ಊಟದ ಸಾಮಾನು ಇದೆಯಾ, ಅದನ್ನು ತೋರಿಸು, ಸುಂಕ ಕಟ್ಟು, ನಡಿ. ಕ್ಲಾಂಡೈಕ್‌ನ ಡಾಸನ್ ಊರಿನಲ್ಲಿ ಆ ಚಳಿಗಾಲ ಅನ್ನಕ್ಕೆ ತತ್ವಾರವಾಗಿದ್ದರಿಂದ ಬಂದ ನಿಯಮ ಅದು. ಹಿಟ್ಟು, ಹಂದಿಮಾಂಸ, ಬೀನ್ಸ್, ಗುಡಾರ, ಸಲಿಕೆ ಎಲ್ಲ ಸೇರಿ ತಲೆಗೆ ಸುಮಾರು ಒಂದು ಟನ್. ಒಬ್ಬ ಮನುಷ್ಯ ಐವತ್ತು ಅರವತ್ತು ಪೌಂಡ್ ಹೊತ್ತು ಹತ್ತಿ, ಇಟ್ಟು, ಇಳಿದು, ಮತ್ತೆ ಹೊತ್ತು ವಾರಗಟ್ಟಲೆ ಅದನ್ನೇ ಮಾಡಬೇಕು. ಈ ದಾರಿಯಲ್ಲಿ ಸತ್ತ ಕುದುರೆಗಳು ಮೂರು ಸಾವಿರ ಎನ್ನುತ್ತಾರೆ. ರೈಲು ಹಾಯುವ ಒಂದು ಕೊರಕಲಿಗೆ ಸತ್ತ ಕುದುರೆಗಳ ಹೆಸರೇ ಉಳಿದಿದೆ. ತಮಾಷೆಯೆಂದರೆ, ಗಡಿ ನಿಜವಾಗಿ ಎಲ್ಲಿದೆ ಅನ್ನುವುದೇ ಆಗ ಇತ್ಯರ್ಥವಾಗಿರಲಿಲ್ಲ. ಪೊಲೀಸರು ಮೊದಲು ಚೌಕಿ ಹಾಕಿದರು, ಗೆರೆಯನ್ನು 1903ರಲ್ಲಿ ನ್ಯಾಯಮಂಡಳಿ ಆಮೇಲೆ ಎಳೆಯಿತು. ಮೂವರು ಅಮೆರಿಕದವರು, ಇಬ್ಬರು ಕೆನಡಾದವರು, ಒಬ್ಬ ಇಂಗ್ಲೆಂಡಿನ ನ್ಯಾಯಾಧೀಶ. ಇಂಗ್ಲೆಂಡಿನವನು ಅಮೆರಿಕದ ಕಡೆ ವಾಲಿದ. ಕೆನಡಾದವರು ಬಹಳ ಕಾಲ ಅದನ್ನು ಮರೆಯಲಿಲ್ಲ.

ಗ್ಲೇಸಿಯರ್ ಬೇ ಎಂಬ ಕೊಲ್ಲಿಗೆ ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಅನುಮತಿ. ಬೆಳಿಗ್ಗೆ ಸಣ್ಣ ದೋಣಿಯೊಂದು ನಮ್ಮ ಹಡಗಿನ ಪಕ್ಕೆಗೆ ಬಂದು ಅಂಟಿಕೊಂಡಿತು, ರಾಷ್ಟ್ರೀಯ ಉದ್ಯಾನದ ರೇಂಜರುಗಳು ಏಣಿ ಹಿಡಿದು ಹತ್ತಿದರು. 1794ರಲ್ಲಿ ನಾವಿಕ ವ್ಯಾಂಕೂವರನ ತಂಡ ಬಂದಾಗ ಈ ಕೊಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ, ಬಾಯಿಯ ಹತ್ತಿರದವರೆಗೂ ಹಿಮದ ಗೋಡೆ. 1879ರಲ್ಲಿ ನಿಸರ್ಗ ಲೇಖಕ ಜಾನ್ ಮ್ಯೂರ್ ಬಂದಾಗ ಹಿಮ ನಲವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಅದಕ್ಕೂ ಮೊದಲು ಇಲ್ಲಿ ಟ್ಲಿಂಗಿಟ್ ಜನರ ಹಳ್ಳಿಗಳಿದ್ದವು; ಹದಿನೆಂಟನೇ ಶತಮಾನದಲ್ಲಿ ಮುಂದೊತ್ತಿ ಬಂದ ಹಿಮನದಿ ಅವರನ್ನು ಎಬ್ಬಿಸಿ ಕಳಿಸಿತು.

ಕೊಲ್ಲಿಯ ತುದಿಯಲ್ಲಿ ಎರಡು ಹಿಮನದಿಗಳು ಅಕ್ಕಪಕ್ಕ. ಮಾರ್ಜರಿ ಎಂಬುದು ಎಲ್ಲರೂ ಫೋಟೋ ತೆಗೆಯುವ ನೀಲಿ ಗೋಡೆ, ಸುಮಾರು ಒಂದು ಮೈಲಿ ಅಗಲ. ಮೊದಲು ಸದ್ದು ಬರುವುದಿಲ್ಲ. ಗೋಡೆಯಿಂದ ಒಂದು ಚೂರು ಕಳಚಿ ನಿಧಾನವಾಗಿ ಬೀಳುತ್ತಿರುವುದು ಕಾಣುತ್ತದೆ, ಅದು ನೀರು ಮುಟ್ಟುವ ಹೊತ್ತಿಗೆ ಗುಡುಗು ನಮ್ಮ ಕಿವಿಗೆ ಬರುತ್ತದೆ, ಆಮೇಲೆ ಅಲೆ. ಆಗಲೇ ಗೊತ್ತಾಗುವುದು ಆ ‘ಚೂರು’ ಒಂದು ಮನೆಯಷ್ಟಿತ್ತೆಂದು. ಪಕ್ಕದ ಗ್ರ್ಯಾಂಡ್ ಪೆಸಿಫಿಕ್ ಮಾತ್ರ ಕಲ್ಲುಮಣ್ಣು ಮೆತ್ತಿಕೊಂಡು ಕಪ್ಪಾಗಿದೆ, ರಸ್ತೆ ಅಗೆದ ಮಣ್ಣಿನ ಗುಡ್ಡೆಯೆಂದೇ ನನ್ನ ಹೆಂಡತಿ ತಿಳಿದಿದ್ದಳು. ನನಗೆ ಹಿಡಿಸಿದ್ದು ಅದೇ. ಅದು ಹುಟ್ಟುವುದು ಕೆನಡಾದ ಬೆಟ್ಟಗಳಲ್ಲಿ, ಬಂದು ಮುಗಿಯುವುದು ಅಮೆರಿಕದಲ್ಲಿ. 1920ರ ದಶಕದಲ್ಲಿ ಕರಗಿ ಗಡಿಯಾಚೆ ಸರಿದುಹೋಗಿತ್ತಂತೆ. ಹಿಂದೆಯೇ ಸಮುದ್ರದ ನೀರೂ ನುಗ್ಗಿದ್ದರಿಂದ ಕೆನಡಾಕ್ಕೆ ಇಲ್ಲೊಂದು ಬಂದರು ಸಿಗುವ ಕಾಲ ಬಂದಿತ್ತು. 1903ರ ತೀರ್ಪಿನಲ್ಲಿ ಕೈತಪ್ಪಿದ ಕಡಲದಾರಿ ಹಿಮ ಕರಗಿ ಸಿಗುವುದರಲ್ಲಿತ್ತು. 1940ರ ದಶಕ ಮುಗಿಯುವ ಹೊತ್ತಿಗೆ ಹಿಮನದಿ ಮತ್ತೆ ಮುಂದೆ ಬಂದು ಆ ಆಸೆಯನ್ನೂ ಮುಚ್ಚಿತು.

ರಾತ್ರಿ ಊಟಕ್ಕೆ ಬಡಿಸುತ್ತಿದ್ದ ಹುಡುಗ ಮೂರನೇ ದಿನ ನಮ್ಮ ಮಾತು ಕೇಳಿಸಿಕೊಂಡು “ಊರು ಯಾವುದು ಸರ್ ನಿಮ್ಮದು?” ಅಂತ ಕನ್ನಡದಲ್ಲೇ ಕೇಳಿದ. ಅವನದು ಉಡುಪಿಯ ಹತ್ತಿರ. ಮಂಗಳೂರು, ಉಡುಪಿ, ಗೋವಾದ ಹುಡುಗರು ಈ ಹಡಗುಗಳಲ್ಲಿ ಬೇಕಾದಷ್ಟಿದ್ದಾರೆ. ನನ್ನ ತಲೆಯಲ್ಲಿ ವೀಸಾದ್ದೇ ಗುಂಗಾದ್ದರಿಂದ ಅವನ ಕಾಗದಗಳ ಬಗ್ಗೆ ಕೇಳಿದೆ.

“ಸಿಡಿಸಿ ಉಂಟು ಸರ್, ನಾವಿಕರ ಪುಸ್ತಕ, ಶಿಪ್ಪಿಂಗ್ ಡೈರೆಕ್ಟೊರೇಟಿನವರು ಕೊಡುವುದು. ಮತ್ತೆ ಅಮೆರಿಕದ ಸಿ1/ಡಿ ವೀಸಾ, ಹಡಗಿನ ಸಿಬ್ಬಂದಿಯದ್ದು. ಪಾಸ್‌ಪೋರ್ಟ್ ನಮ್ಮ ಕೈಯಲ್ಲಿ ಇರುವುದಿಲ್ಲ, ಹಡಗಿನ ಆಫೀಸಿನಲ್ಲೇ ಇರುವುದು.”

“ಜೂನೋದಲ್ಲಿ ಇಳಿದ್ಯಾ?”

“ಇಳಿಯಲಿಕ್ಕೆ ಪರ್ಮಿಟ್ ಉಂಟು. ಟೈಮ್ ಎಲ್ಲಿಂದ ಸರ್? ಮೂರು ಸೀಸನ್ ಆಯಿತು, ಸ್ಕ್ಯಾಗ್ವೇಯಲ್ಲಿ ವೈಫೈ ಸಿಗುವ ಕಾಫಿ ಅಂಗಡಿ ಒಂದು ನೋಡಿದ್ದೇನೆ.” ವೀಸಾ ಸರಿಯಿಲ್ಲದ ಸಿಬ್ಬಂದಿಗೆ ಅದೂ ಇಲ್ಲ, ಹಡಗು ದಡದಲ್ಲಿ ನಿಂತಿದ್ದರೂ ಅವರು ಒಳಗೇ ಇರಬೇಕು.

ಕೆಚಿಕಾನ್‌ನಲ್ಲಿ ಮಳೆ. ವರ್ಷಕ್ಕೆ 150 ಇಂಚು ಹತ್ತಿರ ಬೀಳುವ ಊರು. ಆಗುಂಬೆಯ ಅರ್ಧ ಅಂತ ಹೆಮ್ಮೆಯಿಂದ ಹೇಳಿದೆ, ಕೇಳಿಸಿಕೊಳ್ಳುವವರಿರಲಿಲ್ಲ. ಮೂಲನಿವಾಸಿಗಳ ಟೋಟೆಮ್ ಕಂಬಗಳ ಹತ್ತಿರ ಸಿಕ್ಕ ವಿಷಯ ಒಂದನ್ನು ಇಲ್ಲಿ ಹೇಳಬೇಕು. 1794ರಲ್ಲಿ ಅಮೆರಿಕ ಮತ್ತು ಬ್ರಿಟನ್ ಮಾಡಿಕೊಂಡ ಜೇ ಒಪ್ಪಂದ ಮೂಲನಿವಾಸಿಗಳು ಗಡಿಯ ಎರಡೂ ಕಡೆ ಓಡಾಡಬಹುದೆಂದು ಒಪ್ಪಿಕೊಂಡಿತ್ತು. ಕೆನಡಾದಲ್ಲಿ ಹುಟ್ಟಿದ ಮೂಲನಿವಾಸಿ ಇವತ್ತಿಗೂ ಆ ಹಕ್ಕಿನಿಂದ ಅಮೆರಿಕಕ್ಕೆ ಬರಬಹುದು. ಆದರೆ ತನ್ನ ರಕ್ತದಲ್ಲಿ ಅರ್ಧದಷ್ಟಾದರೂ ಆ ಕುಲದ್ದೆಂದು ಕಾಗದ ತೋರಿಸಬೇಕು.

ವಿಕ್ಟೋರಿಯಾಕ್ಕೆ ಬಂದಾಗ ಸಂಜೆ ಎಂಟು. ಧಕ್ಕೆಯಲ್ಲಿ ಕೆನಡಾದವರು ನಮ್ಮ ವೀಸಾ ಪುಟವನ್ನು ತೆರೆದು ಸರಿಯಾಗಿ ನೋಡಲೂ ಇಲ್ಲ. ಪ್ರಯಾಣಿಕರ ಪಟ್ಟಿ, ಯಾರು ಯಾವ ದೇಶದವರೆಂಬ ವಿವರದ ಸಮೇತ, ಹಡಗು ದಡ ಮುಟ್ಟುವ ಮೊದಲೇ ಅವರಿಗೆ ಮುಟ್ಟಿರುತ್ತದೆ. ದೀಪ ಹಚ್ಚಿದ ಪ್ರಾಂತ್ಯದ ಶಾಸನಸಭಾ ಭವನ ನೋಡಿ, ಎಂಪ್ರೆಸ್ ಹೋಟೆಲಿನ ಮುಂದೆ ಫೋಟೋ ತೆಗೆಸಿಕೊಂಡು, ಐಸ್‌ಕ್ರೀಮ್ ತಿಂದು ಬಂದೆವು. ಅಷ್ಟೇ. 2021ರಲ್ಲಿ ಕೋವಿಡ್ ಎಂದು ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ ಅಮೆರಿಕದ ಸಂಸತ್ತು ತಾತ್ಕಾಲಿಕ ಕಾನೂನು ಮಾಡಿ ಈ ನಿಲುಗಡೆಯನ್ನೇ ಬಿಡಿಸಿತ್ತು. ಹಡಗುಗಳು ನೇರ ಹೋಗಿ ನೇರ ಬಂದವು, ಯಾರಿಗೂ ಏನೂ ಆಗಲಿಲ್ಲ. ಬಂದರು ತೆರೆದ ಮೇಲೆ 1886 ಮತ್ತೆ ಚಾಲ್ತಿಗೆ ಬಂತು.

ಸಿಯಾಟಲ್‌ನಲ್ಲಿ ಇಳಿಯುವಾಗ ಕ್ಯಾಮೆರಾ ಮುಂದೆ ಮುಖ ತೋರಿಸಿದ್ದೇ ತಪಾಸಣೆ. ಮಗ-ಸೊಸೆಯನ್ನು ಪಕ್ಕಕ್ಕೆ ಕರೆದ ಅಧಿಕಾರಿ ಐ-94 ನೋಡಿ, ಪ್ರಿಂಟ್ ಹಾಕಿಸಿದ್ದ ನಿಯಮವನ್ನು ಓದದೆಯೇ ಕೈಬೀಸಿದ. ಮಗನಿಗೆ ಅದರಿಂದ ಧೈರ್ಯ ಬಂದು ಕಾರಿನಲ್ಲೇ ಮುಂದಿನ ಪ್ರವಾಸ ಶುರುಮಾಡಿದ: ಡಿಸೆಂಬರ್‌ನಲ್ಲಿ ಮಯಾಮಿಯಿಂದ ಬಹಾಮಾಸ್.

“ಬಹಾಮಾಸ್ ಆಗಲ್ಲ,” ಅಂದಳು ಸೊಸೆ. “ಸ್ಟಾಂಪ್ ಇಲ್ಲದೆ ದ್ವೀಪಗಳಿಗೆ ಹೋಗಿಬರೋದು ವಿದ್ಯಾರ್ಥಿ ವೀಸಾದವರಿಗೆ ಮಾತ್ರ. ನಮಗೆ ಕೆನಡಾ, ಮೆಕ್ಸಿಕೋ ಎರಡೇ.”

“ಹಾಗಾದ್ರೆ ಲಾಸ್ ಏಂಜಲೀಸ್‌ನಿಂದ ಎನ್ಸೆನಾಡಾ.”

“ಮೆಕ್ಸಿಕೋ ವೀಸಾ?”

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಅಷ್ಟು ದಿನ ಓದಿದ್ದು ಸುಮ್ಮನೆ ಹೋಗಲಿಲ್ಲ. ಚಾಲ್ತಿಯಲ್ಲಿರುವ ಕೆನಡಾ ವೀಸಾ ಇದ್ದವರಿಗೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ಮಗ ಸಿಗ್ನಲ್ಲಿನಲ್ಲಿ ನಿಂತಾಗ ಫೋನ್ ತೆಗೆದು ಟಿಕೆಟ್ ದರ ನೋಡತೊಡಗಿದ.